ಲಾರ್ಜ್ ಕ್ಯಾಪ್ ಮತ್ತು ಸ್ಮಾಲ್ ಕ್ಯಾಪ್ ಫಂಡ್: ಸಿಮೆಂಟ್ ಸೀಮೆಯಲ್ಲೊಂದು ಲೆಕ್ಕಾಚಾರ

ಕಾಗಿಣಾ ನದಿಯ ಆಚೀಚೆ ನೆಲದಡಿ ಪದರ ಪದರವಾಗಿ ಹರಡಿರುವ ಸುಣ್ಣದಕಲ್ಲು ಕಲಬುರಗಿ ಜಿಲ್ಲೆಯ ಪೂರ್ವ ಭಾಗಕ್ಕೆ ತೊಗರಿಯ ಜೊತೆಗೆ ಮತ್ತೊಂದು ಬೆಳೆಯನ್ನು ಕೊಟ್ಟಿದೆ. ಅದು ಸಿಮೆಂಟ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಸುತ್ತ ಚಿಮಣಿಗಳು ಕಾಣದ ದಿಕ್ಕು ಕಡಿಮೆ. ಈ ಕಾರ್ಖಾನೆಗಳಲ್ಲಿ ದುಡಿದವರು ನಿವೃತ್ತರಾದಾಗ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯ ಹಣ ಒಂದೇ ಸಲಕ್ಕೆ ಕೈಸೇರುತ್ತದೆ. ಗಣಿಗೆ ಜಮೀನು ಕೊಟ್ಟ ಕುಟುಂಬಗಳ ಸಂಗತಿಯೂ ಇದೇ. ಆ ಹಣದ ಹಿಂದೆಯೇ ಮ್ಯೂಚುವಲ್ ಫಂಡ್‌ನ ಏಜೆಂಟರೂ ಬರುತ್ತಾರೆ. ಅವರ ಕೈಯಲ್ಲಿರುವ ಹಾಳೆಯಲ್ಲಿ ಸಾಮಾನ್ಯವಾಗಿ ಎರಡು ಸಾಲುಗಳಿರುತ್ತವೆ: ಲಾರ್ಜ್ ಕ್ಯಾಪ್ ಫಂಡ್ ಐದು ವರ್ಷದಲ್ಲಿ ಇಷ್ಟು ಕೊಟ್ಟಿತು, ಸ್ಮಾಲ್ ಕ್ಯಾಪ್ ಫಂಡ್ ಅಷ್ಟು ಕೊಟ್ಟಿತು. ಎರಡನೆಯ ಅಂಕಿ ದೊಡ್ಡದಾಗಿದ್ದರೆ ಉಳಿದ ಮಾತು ಬೇಕಿಲ್ಲವೆಂದು ಅನೇಕರು ತಿಳಿಯುತ್ತಾರೆ. ಆದರೆ ಆ ಹಾಳೆಯನ್ನು ಓದುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಅವುಗಳಲ್ಲಿ ಹಲವು ಈ ಐದು ಊರುಗಳ ಕಾರ್ಖಾನೆಗಳ ಚರಿತ್ರೆಯಲ್ಲಿಯೇ ಅಡಗಿವೆ.

ದೊಡ್ಡದು ಯಾವುದು, ಸಣ್ಣದು ಯಾವುದು

ಒಂದು ಕಂಪನಿಯ ಒಟ್ಟು ಷೇರುಗಳನ್ನು ಪೇಟೆಯ ದರದಿಂದ ಗುಣಿಸಿದರೆ ಬರುವ ಮೊತ್ತವೇ ಅದರ ಮಾರುಕಟ್ಟೆ ಬಂಡವಾಳ. ಕಾರ್ಖಾನೆಯ ವಿಸ್ತಾರಕ್ಕೂ ಕಾರ್ಮಿಕರ ಸಂಖ್ಯೆಗೂ ಇದಕ್ಕೂ ನೇರ ಸಂಬಂಧವಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಈ ಲೆಕ್ಕದಲ್ಲಿ ಮೊದಲ 100 ಸ್ಥಾನಗಳಲ್ಲಿರುವುವು ಲಾರ್ಜ್ ಕ್ಯಾಪ್, 101ರಿಂದ 250ರವರೆಗಿನವು ಮಿಡ್ ಕ್ಯಾಪ್, 251ರಿಂದ ಕೆಳಗಿನವೆಲ್ಲ ಸ್ಮಾಲ್ ಕ್ಯಾಪ್. ಲಾರ್ಜ್ ಕ್ಯಾಪ್ ಫಂಡ್ ತನ್ನ ಹಣದ ಕನಿಷ್ಠ ಶೇ 80ರಷ್ಟನ್ನು ಮೊದಲ ಗುಂಪಿನಲ್ಲಿಯೂ, ಸ್ಮಾಲ್ ಕ್ಯಾಪ್ ಫಂಡ್ ಕನಿಷ್ಠ ಶೇ 65ರಷ್ಟನ್ನು ಕೊನೆಯ ಗುಂಪಿನಲ್ಲಿಯೂ ತೊಡಗಿಸಬೇಕು. ಮ್ಯೂಚುವಲ್ ಫಂಡ್‌ಗಳ ಒಕ್ಕೂಟವಾದ ಆಂಫಿ ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ಪರಿಷ್ಕರಿಸುತ್ತದೆ.

ಪಟ್ಟಿ ಪರಿಷ್ಕಾರವಾಗುತ್ತದೆ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ದೊಡ್ಡದು, ಸಣ್ಣದು ಎಂಬುದು ಕಂಪನಿಯ ಹುಟ್ಟುಗುಣವಲ್ಲ. ಅದು ಆ ಹೊತ್ತಿನ ಸ್ಥಾನ ಮಾತ್ರ.

ವಾಡಿಯ ಎಸಿಸಿಯನ್ನೇ ತೆಗೆದುಕೊಳ್ಳಬಹುದು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಆದ ಈ ಸಂಸ್ಥೆ ದಶಕಗಳ ಕಾಲ ಸೆನ್ಸೆಕ್ಸ್‌ನ ಭಾಗವಾಗಿತ್ತು. 'ಎಸಿಸಿ ಷೇರು' ಎಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಚಿನ್ನದ ಗಟ್ಟಿಯಷ್ಟೇ ಭರವಸೆಯಿದ್ದ ಕಾಲವೊಂದಿತ್ತು. ಅದೇ ಎಸಿಸಿಯನ್ನು 2017ರ ಸೆಪ್ಟೆಂಬರ್ ಕೊನೆಯಲ್ಲಿ ನಿಫ್ಟಿ ಸೂಚ್ಯಂಕದ 50 ಕಂಪನಿಗಳಿಂದ ಕೈಬಿಡಲಾಯಿತು. 2022ರಲ್ಲಿ ಅದರ ಒಡೆತನ ಹೋಲ್ಸಿಮ್‌ನಿಂದ ಅದಾನಿ ಸಮೂಹಕ್ಕೆ ಹೋಯಿತು. 2025ರ ಹೊತ್ತಿಗೆ ಅದು ಮೊದಲ 100ರ ಪಟ್ಟಿಯಲ್ಲಿಯೂ ಇರಲಿಲ್ಲ. ಕಾರ್ಖಾನೆ ಕುಗ್ಗಲಿಲ್ಲ, ಇತರ ಕಂಪನಿಗಳು ಅದಕ್ಕಿಂತ ವೇಗವಾಗಿ ಬೆಳೆದವು, ಅಷ್ಟೇ. ಸೇಡಂ ತಾಲೂಕಿನ ಕೋಡ್ಲಾದಲ್ಲಿ ಘಟಕ ಹೊಂದಿರುವ ಶ್ರೀ ಸಿಮೆಂಟ್ 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್‌ನ ಜಾಗದಲ್ಲಿ ನಿಫ್ಟಿಯನ್ನು ಸೇರಿ, 2022ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಅದರ ಜಾಗಕ್ಕೆ ಬಂದದ್ದು ಅದಾನಿ ಎಂಟರ್‌ಪ್ರೈಸಸ್.

ಇನ್ನೂ ಕೆಳಕ್ಕಿಳಿದ ಉದಾಹರಣೆ ಶಹಾಬಾದಿನದು. ಅಲ್ಲಿನ ಸಿಮೆಂಟ್ ಘಟಕವನ್ನು ಹೊಂದಿದ್ದ ಜೇಪಿ ಸಮೂಹದ ಮುಖ್ಯ ಕಂಪನಿ ಜೈಪ್ರಕಾಶ್ ಅಸೋಸಿಯೇಟ್ಸ್ ಒಂದು ಕಾಲಕ್ಕೆ ಸೆನ್ಸೆಕ್ಸ್‌ನ 30 ಕಂಪನಿಗಳಲ್ಲೊಂದು. ಸಾಲದ ಭಾರದಲ್ಲಿ ಕುಸಿದ ಅದು 2024ರ ಜೂನ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. 'ದೊಡ್ಡ ಕಂಪನಿ, ಆದ್ದರಿಂದ ಭದ್ರ' ಎನ್ನುವವರಿಗೆ ಈ ಒಂದು ಹೆಸರು ಸಾಕು. ಲಾರ್ಜ್ ಕ್ಯಾಪ್ ಫಂಡ್‌ನ ಭದ್ರತೆ ಯಾವುದೋ ಒಂದು ಕಂಪನಿಯ ಗಟ್ಟಿತನದಲ್ಲಿಲ್ಲ. ಹತ್ತಾರು ಕಂಪನಿಗಳಲ್ಲಿ ಹಣ ಹಂಚಿಹೋಗಿರುವುದರಲ್ಲಿ ಮತ್ತು ಕುಸಿದವುಗಳ ಜಾಗಕ್ಕೆ ಬೇರೆಯವು ಬರುತ್ತಿರುವುದರಲ್ಲಿ ಅದು ಇದೆ.

ಸಣ್ಣ ಷೇರಿನ ಆಸೆ

ಮೇಲಕ್ಕೆ ಹೋದ ಕಥೆಗಳೂ ಇಲ್ಲಿವೆ. ಚಿತ್ತಾಪುರ ತಾಲೂಕಿನ ಇಟಗಾದಲ್ಲಿ ಕಾರ್ಖಾನೆ ಹೊಂದಿರುವ ಓರಿಯಂಟ್ ಸಿಮೆಂಟ್ ಅಪ್ಪಟ ಸ್ಮಾಲ್ ಕ್ಯಾಪ್. 2020ರ ಮಾರ್ಚ್‌ನ ಕೊರೊನಾ ಕುಸಿತದಲ್ಲಿ ಅದರ ಷೇರು 50 ರೂಪಾಯಿಗಿಂತ ಕೆಳಗಿತ್ತು. 2024ರ ಅಕ್ಟೋಬರ್‌ನಲ್ಲಿ ಅಂಬುಜಾ ಸಿಮೆಂಟ್ಸ್ ಅದನ್ನು ಖರೀದಿಸುವುದಾಗಿ ಪ್ರಕಟಿಸಿದಾಗ ನಿಗದಿಪಡಿಸಿದ ಬೆಲೆ ಷೇರೊಂದಕ್ಕೆ 395.40 ರೂಪಾಯಿ. ಸ್ಮಾಲ್ ಕ್ಯಾಪ್ ಫಂಡ್‌ಗಳ ಕನಸು ಇಂಥದ್ದೇ: ಯಾರೂ ಗಮನಿಸದ ಕಂಪನಿ, ಕೆಲವೇ ವರ್ಷಗಳಲ್ಲಿ ಎಂಟು ಪಟ್ಟು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಖರೀದಿ ಪೂರ್ಣಗೊಂಡ ಬಳಿಕ ಪೇಟೆಯ ದರ ಆ ಮಟ್ಟದಲ್ಲಿ ನಿಲ್ಲಲಿಲ್ಲ. 2025ರ ಡಿಸೆಂಬರ್‌ನಲ್ಲಿ ಎಸಿಸಿ ಮತ್ತು ಓರಿಯಂಟ್ ಎರಡನ್ನೂ ಅಂಬುಜಾದಲ್ಲಿ ವಿಲೀನಗೊಳಿಸುವ ಯೋಜನೆಗೆ ಆಡಳಿತ ಮಂಡಳಿಗಳ ಒಪ್ಪಿಗೆ ದೊರೆಯಿತು. ಒಳ್ಳೆಯ ಬೆಲೆ ಬಂದಾಗ ಮಾರಿದವರಿಗೂ ಕಾದು ಕುಳಿತವರಿಗೂ ಸಿಕ್ಕ ಫಲ ಬೇರೆ ಬೇರೆ.

ಸೇಡಂನ ವಾಸವದತ್ತಾ ಸಿಮೆಂಟ್‌ನದು ಮತ್ತೊಂದು ಬಗೆ. ಅದರ ಒಡೆತನ ಹೊಂದಿದ್ದ ಕೇಸೋರಾಂ ಇಂಡಸ್ಟ್ರೀಸ್ ವರ್ಷಗಟ್ಟಲೆ ಸಾಲದಲ್ಲಿ ತೊಳಲಾಡಿತು. ಕಾರ್ಖಾನೆ ಚೆನ್ನಾಗಿಯೇ ನಡೆಯುತ್ತಿದ್ದರೂ ಷೇರುದಾರರಿಗೆ ಅದರ ಸುಖ ಕಾಣಲಿಲ್ಲ. ಕೊನೆಗೆ ಸಿಮೆಂಟ್ ವ್ಯವಹಾರವನ್ನು ಅಲ್ಟ್ರಾಟೆಕ್ ತನ್ನದಾಗಿಸಿಕೊಂಡಿತು. 2025ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಕೇಸೋರಾಂನ 52 ಷೇರುಗಳಿಗೆ ಅಲ್ಟ್ರಾಟೆಕ್‌ನ 1 ಷೇರು ದೊರೆಯಿತು. ಕೇಸೋರಾಂ ಷೇರು ಕೈಯಲ್ಲಿಯೇ ಉಳಿಯಿತಾದರೂ ಅದು ಸಿಮೆಂಟ್ ಹೊರಟುಹೋದ ಕಂಪನಿಯ ಷೇರು. ಪಕ್ಕದ ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ ಘಟಕವನ್ನು ನಡೆಸುವ ಅಲ್ಟ್ರಾಟೆಕ್ ನಿಫ್ಟಿಯಲ್ಲಿರುವ ಲಾರ್ಜ್ ಕ್ಯಾಪ್. ಅಂದರೆ ಸೇಡಂನ ಒಂದೇ ಗೂಡು, ಒಂದೇ ಗಣಿ, ಸ್ಮಾಲ್ ಕ್ಯಾಪ್‌ನ ಸೊತ್ತಾಗಿದ್ದು ಲಾರ್ಜ್ ಕ್ಯಾಪ್‌ನ ಸೊತ್ತಾಯಿತು.

ಚಿಂಚೋಳಿಯ ಕಡೆ ಬಂದರೆ ಈ ಆಟವೇ ಇಲ್ಲ. ಛತ್ರಸಾಲದ ಕಲಬುರ್ಗಿ ಸಿಮೆಂಟ್ ಫ್ರಾನ್ಸ್‌ನ ವಿಕಾ ಸಮೂಹದ್ದು, ಅದರ ಷೇರು ಪ್ಯಾರಿಸ್ ಪೇಟೆಯಲ್ಲಿದೆ. ಕಲ್ಲೂರಿನ ಚೆಟ್ಟಿನಾಡ್ ಸಿಮೆಂಟ್‌ನ ಷೇರು ನಮ್ಮ ಪೇಟೆಗಳಲ್ಲಿ ವಹಿವಾಟಾಗುವುದಿಲ್ಲ.

ಎರಡು ದಿನಾಂಕ, ಎರಡು ತೀರ್ಪು

ಈಗ ಏಜೆಂಟರ ಹಾಳೆಗೆ ಮರಳೋಣ. ಫಂಡ್‌ಗಳನ್ನು ಒಂದೊಂದಾಗಿ ಹೋಲಿಸುವ ಬದಲು ಎನ್‌ಎಸ್‌ಇಯ ಎರಡು ಸೂಚ್ಯಂಕಗಳನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ: ದೊಡ್ಡ ಕಂಪನಿಗಳಿಗೆ ನಿಫ್ಟಿ 50, ಸಣ್ಣವಕ್ಕೆ ನಿಫ್ಟಿ ಸ್ಮಾಲ್ ಕ್ಯಾಪ್ 100. ಲಾಭಾಂಶವನ್ನು ಇಲ್ಲಿ ಸೇರಿಸಿಲ್ಲ.

2019ರ ಕೊನೆಯಲ್ಲಿ ತಲಾ ಒಂದು ಲಕ್ಷ ರೂಪಾಯಿ ತೊಡಗಿಸಿ 2024ರ ಕೊನೆಯಲ್ಲಿ ನೋಡಿದ್ದರೆ, ನಿಫ್ಟಿಯಲ್ಲಿ ಸುಮಾರು 1 ಲಕ್ಷ 94 ಸಾವಿರ, ಸ್ಮಾಲ್ ಕ್ಯಾಪ್‌ನಲ್ಲಿ ಸುಮಾರು 3 ಲಕ್ಷ 20 ಸಾವಿರ. ಸ್ಪರ್ಧೆಯೇ ಇಲ್ಲವೆನಿಸುತ್ತದೆ.

ಅದೇ ಒಂದು ಲಕ್ಷವನ್ನು ಎರಡು ವರ್ಷ ಮೊದಲು, 2017ರ ಕೊನೆಯಲ್ಲಿ ತೊಡಗಿಸಿದ್ದರೆ? ಅದೇ 2024ರ ಕೊನೆಯಲ್ಲಿ ನಿಫ್ಟಿಯಲ್ಲಿ ಸುಮಾರು 2 ಲಕ್ಷ 24 ಸಾವಿರ, ಸ್ಮಾಲ್ ಕ್ಯಾಪ್‌ನಲ್ಲಿ ಸುಮಾರು 2 ಲಕ್ಷ 6 ಸಾವಿರ. ಏಳು ವರ್ಷ ಕಾದ ಮೇಲೂ ಸಣ್ಣದು ಹಿಂದೆಯೇ ಉಳಿದಿತ್ತು. ಪೇಟೆ ಅದೇ, ಕೊನೆಯ ದಿನ ಅದೇ. ಬದಲಾದದ್ದು ಆರಂಭದ ದಿನ ಮಾತ್ರ.

ಇದರ ಕಾರಣ ನಡುವಿನ ವರ್ಷಗಳಲ್ಲಿದೆ. 2017ರಲ್ಲಿ ಸ್ಮಾಲ್ ಕ್ಯಾಪ್ ಸೂಚ್ಯಂಕ ಶೇ 57ರಷ್ಟು ಏರಿತು. ಆ ಅಂಕಿಯನ್ನು ಕಂಡು ಜನ ಮುಗಿಬಿದ್ದರು. 2018ರಲ್ಲಿ ಅದು ಶೇ 29ರಷ್ಟು, 2019ರಲ್ಲಿ ಮತ್ತೆ ಶೇ 9ಕ್ಕೂ ಹೆಚ್ಚು ಕುಸಿಯಿತು. ಎರಡು ವರ್ಷದಲ್ಲಿ ಲಕ್ಷ ರೂಪಾಯಿ 64 ಸಾವಿರವಾಯಿತು. ಅದೇ ಅವಧಿಯಲ್ಲಿ ನಿಫ್ಟಿಯ ಲಕ್ಷ 1 ಲಕ್ಷ 15 ಸಾವಿರವಾಗಿತ್ತು. 64 ಸಾವಿರ ಮತ್ತೆ ಲಕ್ಷವಾಗಲು ಶೇ 36 ಸಾಲದು, ಶೇ 56ರಷ್ಟು ಏರಬೇಕು. ಕುಸಿತದ ಗಣಿತ ಹೂಡಿಕೆದಾರನ ವಿರುದ್ಧವೇ ಇರುತ್ತದೆ. ಅದರ ಮೇಲೆ ಕೊರೊನಾ ಬಂದಿತು. ಮೂಲ ಹಣ ಮರಳಿ ಕಾಣಲು 2021ರವರೆಗೆ ಕಾಯಬೇಕಾಯಿತು. ಆ ವರ್ಷ ಶೇ 59ರ ಏರಿಕೆ, 2022ರಲ್ಲಿ ಮತ್ತೆ ಇಳಿಕೆ, 2023ರಲ್ಲಿ ಶೇ 55ರ ಏರಿಕೆ. 2025ರಲ್ಲಿ ನಿಫ್ಟಿ ಶೇ 10ರಷ್ಟು ಏರಿದರೆ ಸ್ಮಾಲ್ ಕ್ಯಾಪ್ ಸೂಚ್ಯಂಕ ವರ್ಷವನ್ನು ನಷ್ಟದಲ್ಲಿಯೇ ಮುಗಿಸಿತು.

ಇದಕ್ಕಿಂತ ಕಠಿಣ ಪಾಠ 2008ರದು. ಆ ವರ್ಷ ಸೆನ್ಸೆಕ್ಸ್ ಅರ್ಧಕ್ಕಿಂತ ಕೆಳಗಿಳಿದರೆ ಬಿಎಸ್‌ಇಯ ಸ್ಮಾಲ್ ಕ್ಯಾಪ್ ಸೂಚ್ಯಂಕ ಶೇ 70ಕ್ಕೂ ಹೆಚ್ಚು ಕುಸಿಯಿತು. ಸೆನ್ಸೆಕ್ಸ್ ತನ್ನ ಹಳೆಯ ಎತ್ತರವನ್ನು 2010ರ ಕೊನೆಯಲ್ಲೊಮ್ಮೆ ಮುಟ್ಟಿ, 2013ರ ಕೊನೆಯಲ್ಲಿ ದಾಟಿತು. ಸ್ಮಾಲ್ ಕ್ಯಾಪ್ ಸೂಚ್ಯಂಕಕ್ಕೆ ಅದು ಸಾಧ್ಯವಾದದ್ದು 2017ರಲ್ಲಿ. ಒಂಬತ್ತು ವರ್ಷ! 35 ವರ್ಷದ ಉದ್ಯೋಗಿ ಇದನ್ನು ತಾಳಿಕೊಂಡಾನು. 60 ದಾಟಿದವನಿಗೆ ಅದೇ ಹಣದಲ್ಲಿ ಔಷಧಿ, ಮಗಳ ಮದುವೆ, ಮನೆಯ ಚಾವಣಿ ಎಲ್ಲವೂ ಆಗಬೇಕು.

ಬಾಗಿಲು ಚಿಕ್ಕದು

ಸಣ್ಣ ಷೇರುಗಳು ಹೀಗೇಕೆ ವರ್ತಿಸುತ್ತವೆ? ಅವುಗಳ ವಹಿವಾಟು ಕಡಿಮೆ. ಎಲ್ಲರೂ ಕೊಳ್ಳಲು ಬಂದರೆ ಬೆಲೆ ಚಿಮ್ಮುತ್ತದೆ, ಎಲ್ಲರೂ ಮಾರಲು ಹೊರಟರೆ ಕೊಳ್ಳುವವನೇ ಇರುವುದಿಲ್ಲ. ಹಣದ ಹರಿವು ವಿಪರೀತವಾದಾಗ ಫಂಡ್‌ಗಳೇ ಹಿಂಜರಿದದ್ದುಂಟು. ನಿಪ್ಪಾನ್ ಇಂಡಿಯಾ ಸ್ಮಾಲ್ ಕ್ಯಾಪ್ ಫಂಡ್ 2023ರ ಜುಲೈನಲ್ಲಿ ಇಡಿಗಂಟಿನ ಹೊಸ ಹೂಡಿಕೆಯನ್ನು ಸ್ವೀಕರಿಸುವುದನ್ನು ನಿಲ್ಲಿಸಿತ್ತು. ಸೆಬಿಯ ಸೂಚನೆಯಂತೆ 2024ರ ಮಾರ್ಚ್‌ನಿಂದ ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡ್‌ಗಳು ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸತೊಡಗಿದವು: ತಮ್ಮಲ್ಲಿರುವ ಷೇರುಗಳ ಕಾಲು ಭಾಗ ಮತ್ತು ಅರ್ಧ ಭಾಗವನ್ನು ಮಾರಲು ಎಷ್ಟು ದಿನ ಬೇಕು? ಮೊದಲ ವರದಿಯಲ್ಲಿ ಅರ್ಧ ಭಾಗಕ್ಕೆ ಎಸ್‌ಬಿಐ ಸ್ಮಾಲ್ ಕ್ಯಾಪ್ ಫಂಡ್ 60 ದಿನ, ನಿಪ್ಪಾನ್ 27 ದಿನ ಎಂದವು. ಅದೇ ವಾರ, ಮಾರ್ಚ್ 13ರಂದು, ಸ್ಮಾಲ್ ಕ್ಯಾಪ್ ಸೂಚ್ಯಂಕ ಒಂದೇ ದಿನದಲ್ಲಿ ಸುಮಾರು ಶೇ 5ರಷ್ಟು ಕುಸಿಯಿತು.

ಹಾಗೆಂದು ಸ್ಮಾಲ್ ಕ್ಯಾಪ್ ಫಂಡ್ ತ್ಯಾಜ್ಯವೆಂದು ಈ ಲೇಖಕನ ವಾದವಲ್ಲ. ತಿಂಗಳ ಕಂತಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಣ ಕಟ್ಟುವವರಿಗೆ ಆರಂಭದ ದಿನಾಂಕದ ಪೆಟ್ಟು ಕಡಿಮೆ. ಕುಸಿದ ತಿಂಗಳುಗಳಲ್ಲಿ ಅದೇ ಕಂತಿಗೆ ಹೆಚ್ಚು ಯೂನಿಟ್ ಸಿಗುತ್ತವೆ. 2018 ಮತ್ತು 2019ರಲ್ಲಿ ಕಂತು ನಿಲ್ಲಿಸದವರಿಗೆ 2021ರ ಏರಿಕೆ ಫಲ ಕೊಟ್ಟಿತು. ನಿವೃತ್ತಿಯ ಇಡಿಗಂಟಿಗೆ ಈ ಅನುಕೂಲವಿಲ್ಲ. ಅದು ಒಂದೇ ದಿನ ಒಳಹೋಗುತ್ತದೆ, ಆ ದಿನ ಪೇಟೆ ಎಲ್ಲಿದೆಯೆಂಬುದೇ ಮುಂದಿನ ವರ್ಷಗಳನ್ನು ನಿರ್ಧರಿಸುತ್ತದೆ.

ಸಿಮೆಂಟ್ ಸೀಮೆಯವರಿಗೆ ಇನ್ನೊಂದು ಮಾತು ಅನ್ವಯಿಸುತ್ತದೆ. ಇಲ್ಲಿನ ಸಂಬಳ, ಬಾಡಿಗೆ, ನಿವೇಶನದ ಬೆಲೆ, ಲಾರಿಯ ಬಾಡಿಗೆ, ಚಹಾದಂಗಡಿಯ ವ್ಯಾಪಾರ ಎಲ್ಲವೂ ಒಂದೇ ಉದ್ಯಮಕ್ಕೆ ಅಂಟಿಕೊಂಡಿವೆ. ತಾನು ದುಡಿದ ಕಂಪನಿಯ ಷೇರನ್ನೇ ಅಭಿಮಾನದಿಂದ ಕೊಳ್ಳುವವರು ಒಂದೇ ಗೂಡಿನಲ್ಲಿ ಎಲ್ಲ ಮೊಟ್ಟೆ ಇಟ್ಟಂತೆ. ಹಲವು ಉದ್ಯಮಗಳ ಫಂಡ್ ಎರಡೂ ಬಗೆಯಲ್ಲಿ ಇದಕ್ಕಿಂತ ಮೇಲು. ಮತ್ತೊಂದು ಸಂಗತಿ ಅನೇಕ ಕಾರ್ಮಿಕರಿಗೆ ತಿಳಿದಂತಿಲ್ಲ: ಭವಿಷ್ಯ ನಿಧಿ ಸಂಸ್ಥೆ 2015ರ ಆಗಸ್ಟ್‌ನಿಂದ ಹೊಸ ಠೇವಣಿಯ ಒಂದು ಭಾಗವನ್ನು ನಿಫ್ಟಿ ಮತ್ತು ಸೆನ್ಸೆಕ್ಸ್ ಆಧಾರಿತ ಫಂಡ್‌ಗಳಲ್ಲಿ ತೊಡಗಿಸುತ್ತಿದೆ. ಮೊದಲು ಶೇ 5 ಇದ್ದದ್ದು 2017ರಲ್ಲಿ ಶೇ 15ಕ್ಕೇರಿತು. ಹಾಗಾಗಿ ಅಲ್ಲಿ ಖಾತೆಯುಳ್ಳವರು ತಮಗರಿವಿಲ್ಲದೆಯೇ ದೊಡ್ಡ ಕಂಪನಿಗಳ ಹೂಡಿಕೆದಾರರೇ.

ಷೇರಿನ ಪಾಲು ಬೇಕೆನ್ನುವ ನಿವೃತ್ತರು ಮೊದಲು ಕೆಲವು ವರ್ಷಗಳ ಖರ್ಚನ್ನು ಬ್ಯಾಂಕ್ ಠೇವಣಿಯಲ್ಲೋ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲೋ ಇಡುವುದು ವಾಡಿಕೆ. ಆ ಯೋಜನೆಯ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ 30 ಲಕ್ಷಕ್ಕೆ ಏರಿಸಲಾಗಿದೆ. ಉಳಿದುದನ್ನು ಸಾಲಪತ್ರಗಳ ಫಂಡ್‌ನಲ್ಲಿಟ್ಟು ತಿಂಗಳು ತಿಂಗಳು ಷೇರು ಫಂಡ್‌ಗೆ ವರ್ಗಾಯಿಸುವ ಸೌಲಭ್ಯವನ್ನು ಬಹುತೇಕ ಕಂಪನಿಗಳು ಕೊಡುತ್ತವೆ. ಏಜೆಂಟರ ಬಳಿ ಐದು ವರ್ಷದ ಅಂಕಿಯ ಜೊತೆಗೆ 2008, 2018, 2019 ಮತ್ತು 2025ರ ಅಂಕಿಗಳನ್ನೂ ಕೇಳಿ ಪಡೆಯಬಹುದು. ತೆರಿಗೆಯಲ್ಲಿ ಎರಡು ಬಗೆಯ ಫಂಡ್‌ಗಳಿಗೂ ಭೇದವಿಲ್ಲ. 2024ರ ಜುಲೈ 23ರಿಂದ ಜಾರಿಗೆ ಬಂದ ನಿಯಮದಂತೆ ಒಂದು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ, ವರ್ಷಕ್ಕೆ 1 ಲಕ್ಷ 25 ಸಾವಿರ ರೂಪಾಯಿಗಿಂತ ಮೇಲಿನ ಲಾಭಕ್ಕೆ ಶೇ 12.5, ಅದಕ್ಕೂ ಮೊದಲೇ ಮಾರಿದರೆ ಶೇ 20.