ತುಕ್ಕುಹಿಡಿದ ಆಯಿಲ್ ಎಂಜಿನುಗಳ ಜೀರ್ಣೋದ್ಧಾರ

ಕನ್ನಡ ನಾಡಿನ ಹಳೆಯ ತೋಟಗಳಲ್ಲಿಯೂ ತೆರೆದ ಬಾವಿಗಳ ಬಳಿಯಲ್ಲಿಯೂ ಒಂದು ಕಾಲಕ್ಕೆ ನೀರೆತ್ತುತ್ತಿದ್ದ ಆಯಿಲ್ ಎಂಜಿನುಗಳು ಈಗ ಮೂಲೆಪಾಲಾಗಿ ನಿಂತಿರುವುದನ್ನು ಕಾಣಬಹುದು. ಕಪಿಲೆಯ ಎತ್ತುಗಳ ಕೆಲಸವನ್ನು ಈ ಎಂಜಿನುಗಳು ವಹಿಸಿಕೊಂಡವು. ವಿದ್ಯುತ್ತು ಹಳ್ಳಿಗಳಿಗೆ ಬಂದ ಮೇಲೆ ಎಂಜಿನುಗಳ ಕೆಲಸವನ್ನು ಮೋಟಾರುಗಳು ವಹಿಸಿಕೊಂಡವು. ಆದರೆ ಪೈರು ತೆನೆಗಟ್ಟುವ ವಾರದಲ್ಲಿ ವಿದ್ಯುತ್ತು ನಿಂತರೆ, ಅಥವಾ ಊರಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋದರೆ, ಯಜಮಾನನಿಗೆ ಮೂಲೆಯಲ್ಲಿರುವ ಎಂಜಿನಿನ ನೆನಪು ಬರುತ್ತದೆ. ಅದು ತಿರುಗದೆ ಇರುವುದನ್ನು ಕಂಡು ಸುತ್ತಿಗೆಯನ್ನೆತ್ತಿಕೊಳ್ಳುವವರೂ ಉಂಟು. ಕೆಟ್ಟುಹೋಯಿತೆಂದು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವವರೂ ಉಂಟು. ಇವೆರಡೂ ದುಡುಕಿನ ಕೆಲಸಗಳೇ. ವರ್ಷಗಟ್ಟಲೆ ನಿಂತು ಬಿಗಿದುಕೊಂಡ ಎಂಜಿನುಗಳಲ್ಲಿ ಅನೇಕವು ಸತ್ತಿರುವುದಿಲ್ಲ. ಅವುಗಳನ್ನು ನಿಜವಾಗಿ ಕೆಡಿಸುವುದು ತುಕ್ಕಿಗಿಂತಲೂ ಹೆಚ್ಚಾಗಿ ಮೊದಲ ದಿನದ ಆತುರ.

ಇವುಗಳ ಪೂರ್ವೋತ್ತರ.— ಜರ್ಮನಿ ದೇಶದ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ತನ್ನ ಎಂಜಿನನ್ನು ಸಫಲವಾಗಿ ನಡೆಸಿ ತೋರಿಸಿದನು. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪೆನಿಯವರು 1930ರ ಸುಮಾರಿಗೆ ಬೇಸಾಯಕ್ಕೆ ಒಪ್ಪುವ ನಿಧಾನಗತಿಯ ಡೀಸೆಲ್ ಎಂಜಿನುಗಳನ್ನು ಹೊರತಂದರು. ಇವುಗಳಲ್ಲಿ 5 ಅಶ್ವಶಕ್ತಿಯದು ನಿಮಿಷಕ್ಕೆ 600 ಸುತ್ತು, ಅನಂತರ ಬಂದ 6 ಅಶ್ವಶಕ್ತಿಯದು 650 ಸುತ್ತು ತಿರುಗತಕ್ಕವು. ಭಾರತದಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನುಗಳ ಕಂಪೆನಿಯು 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತು. ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಲಿಸ್ಟರ್ ಮಾದರಿಯನ್ನೇ ಅನುಸರಿಸಿ ಎಂಜಿನುಗಳನ್ನು ತಯಾರಿಸಿದುದರಿಂದ ಆ ಮಾದರಿಯ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ದಪ್ಪನೆಯ ಎರಕದ ಕಬ್ಬಿಣ, ಮಂದಗತಿ, ಒಂದೊಂದಾಗಿ ಬಿಚ್ಚಬಹುದಾದ ಅಂಗಗಳು, ಈ ಮೂರು ಗುಣಗಳಿಂದಾಗಿ ಇವುಗಳನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳುವುದು ಸಾಧ್ಯವಾಗಿದೆ.

ಮೊದಲು ವಿಚಾರಿಸತಕ್ಕ ಸಂಗತಿ.— ಕೆಲಸವಿಲ್ಲದ ಎಂಜಿನಿಗೆ ಹಣ ಹಾಕುವುದು ವ್ಯರ್ಥ. ಎಂಜಿನಿಗೆ ಜೋಡಿಸುವ ಸಾಮಾನ್ಯ ಪಂಪು ನೀರನ್ನು ಮೇಲಿನಿಂದ ಹೀರುವುದರಿಂದ ಅದು ಕೊಳವೆ ಬಾವಿಗೆ ಉಪಯೋಗವಿಲ್ಲ. ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿ ನೀರನ್ನು ಸುಮಾರು 10.3 ಮೀಟರು ಎತ್ತಬಲ್ಲದು. 900 ಮೀಟರು ಎತ್ತರದ ಬೆಂಗಳೂರಿನ ಸೀಮೆಯಲ್ಲಿ ಇದು ಸುಮಾರು ಒಂದು ಮೀಟರಿನಷ್ಟು ಕಡಮೆ. ಕೊಳವೆಯೊಳಗಿನ ತಡೆಯನ್ನೂ ಕಳೆದರೆ ಆರು ಮೀಟರು, ಎಂದರೆ ಇಪ್ಪತ್ತು ಅಡಿಯ ಆಳದವರೆಗೆ ಮಾತ್ರ ನಂಬಿ ನಡೆಯಬಹುದು. ನೀರಿರುವ ತೆರೆದ ಬಾವಿ, ಹಳ್ಳ, ಕೆರೆ, ಕೃಷಿಹೊಂಡ ಇವುಗಳ ಪೈಕಿ ಒಂದು ಇದ್ದವರು ಮುಂದುವರಿಯಬಹುದು. ರಾಗಿ ಬೀಸುವ ಗಿರಣಿಗೋ ಮೇವು ಕತ್ತರಿಸುವ ಯಂತ್ರಕ್ಕೋ ಪಟ್ಟಿ ಹಾಕಿ ನಡೆಸುವುದಕ್ಕೂ ಎಂಜಿನು ಒದಗುತ್ತದೆ.

ರೋಗದ ಪರೀಕ್ಷೆ.— ಎಂಜಿನು ಹೇಗೆ ನಿಂತಿತೆಂಬುದನ್ನು ಅದನ್ನು ನಡೆಸುತ್ತಿದ್ದ ಹಿರಿಯರಿಂದ ಕೇಳಿ ತಿಳಿಯತಕ್ಕದ್ದು. ಚೆನ್ನಾಗಿ ನಡೆಯುತ್ತಿದ್ದುದನ್ನು ನಿಲ್ಲಿಸಿ ಬಿಟ್ಟಿದ್ದರೆ ಈಗ ಬಿಗಿದಿರುವುದು ತುಕ್ಕಿನಿಂದ, ಇದು ಸುಲಭಸಾಧ್ಯ. ಭಾರ ಹೊತ್ತು ನಡೆಯುತ್ತಿರುವಾಗಲೇ ಕೂಗಿಕೊಂಡು ನಿಂತಿದ್ದರೆ ಪಿಸ್ಟನ್ನೋ ಬೇರಿಂಗೋ ಕಾದು ಹಿಡಿದುಕೊಂಡಿದೆಯೆಂದು ತಿಳಿಯಬೇಕು, ಇದು ಕಷ್ಟಸಾಧ್ಯ. ತರುವಾಯ ತಳದ ತೊಟ್ಟಿಯ ಎಣ್ಣೆಯನ್ನು ಬಿಳಿಯ ಪಾತ್ರೆಗೆ ಇಳಿಸಿ ನೋಡತಕ್ಕದ್ದು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಬಿಸಿಲಿನಲ್ಲಿ ಲೋಹದ ಪುಡಿ ಮಿನುಗಿದರೆ ಬೇರಿಂಗುಗಳು ಸವೆದಿವೆ. ಸಿಲಿಂಡರಿನ ಹೊರಮೈಯಲ್ಲಿ ಬಿರುಕು ಬಿಟ್ಟಿದ್ದರೆ, ಅಥವಾ ಕ್ರಾಂಕು ಷಾಫ್ಟಿನಲ್ಲಿ ಬಿರುಕು ಕಂಡರೆ, ಖರ್ಚು ಎಂಜಿನಿನ ಬೆಲೆಯನ್ನು ಮೀರುವುದು ಸಹಜ. ಅಂತಹದನ್ನು ಬಿಡಿಭಾಗಗಳಿಗಾಗಿ ಇಟ್ಟುಕೊಳ್ಳುವುದೇ ಲೇಸು.

ಬಿಗಿತವನ್ನು ಬಿಡಿಸುವ ಕ್ರಮ.— ಫ್ಲೈವೀಲಿನ ಕಡ್ಡಿಗಳಿಗೆ ಸುತ್ತಿಗೆಯಿಂದ ಹೊಡೆಯುವುದು, ಹಗ್ಗ ಕಟ್ಟಿ ಟ್ರಾಕ್ಟರಿನಿಂದ ಎಳೆಯಿಸುವುದು, ಇವೆರಡನ್ನೂ ಎಂದಿಗೂ ಮಾಡಕೂಡದು. ಎರಕದ ಕಬ್ಬಿಣವು ಬಾಗುವುದಿಲ್ಲ, ಒಡೆಯುತ್ತದೆ. ಒಳಗೆ ಕಾಣದಂತೆ ಸೀಳಿದ ಫ್ಲೈವೀಲು ಮುಂದೆಂದೋ ಪೂರ್ಣವೇಗದಲ್ಲಿರುವಾಗ ಸಿಡಿದು ಎದುರಿಗಿರುವವರ ಪ್ರಾಣವನ್ನೇ ತೆಗೆಯಬಹುದು. ನಾಜಲನ್ನು ಬಿಚ್ಚಿ ತೆಗೆದು ಆ ರಂಧ್ರದಿಂದ ಡೀಸೆಲನ್ನೂ ಎಂಜಿನು ಎಣ್ಣೆಯನ್ನೂ ಸಮನಾಗಿ ಬೆರೆಸಿ ಸಿಲಿಂಡರಿಗೆ ಸುರಿದು, ರಂಧ್ರವನ್ನು ಬಟ್ಟೆಯಿಂದ ಮುಚ್ಚಿ, ಒಂದು ವಾರ ಸುಮ್ಮನೆ ಬಿಡಬೇಕು. ದಿನಕ್ಕೊಮ್ಮೆ ಫ್ಲೈವೀಲನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡುವುದು. ಕೂದಲೆಳೆಯಷ್ಟು ಕದಲಿದರೂ ಕಾರ್ಯವಾದಂತೆಯೇ. ಎರಡು ವಾರವಾದರೂ ಕದಲದಿದ್ದರೆ ಸಿಲಿಂಡರಿನ ತಲೆಯನ್ನು ಬಿಚ್ಚಿ, ಪಿಸ್ಟನ್ನಿನ ಮೇಲೆ ಗಟ್ಟಿಮರದ ದಿಮ್ಮಿಯನ್ನಿಟ್ಟು ಮೆಲ್ಲಗೆ ತಟ್ಟಬಹುದು. ಪಿಸ್ಟನ್ನು ತೀರ ಮೇಲೋ ತೀರ ಕೆಳಗೋ ಇರುವಾಗ ತಟ್ಟಿದ ಪೆಟ್ಟು ನೆಟ್ಟಗೆ ಷಾಫ್ಟಿಗೆ ಬೀಳುತ್ತದೆಯೇ ಹೊರತು ಅದನ್ನು ತಿರುಗಿಸುವುದಿಲ್ಲ. ಅಂತಹ ಸ್ಥಿತಿಯಲ್ಲಿ ಪಿಸ್ಟನ್ ದಂಡದ ಕೆಳಗಿನ ಬೇರಿಂಗನ್ನು ಕಳಚಿ, ಕೆಳಗಿನಿಂದ ಮರದ ತುಂಡನ್ನು ಕೊಟ್ಟು ಪಿಸ್ಟನ್ನನ್ನು ಮೇಲಕ್ಕೆ ಹೊರದೂಡುವುದೇ ಸರಿಯಾದ ಕ್ರಮ.

ಬಿಚ್ಚುವಾಗಿನ ಶಿಸ್ತು.— ಬಿಚ್ಚಿದ ಕ್ರಮದಲ್ಲಿಯೇ ಅಂಗಗಳನ್ನು ಚಾಪೆಯ ಮೇಲೆ ಸಾಲಾಗಿ ಇಡತಕ್ಕದ್ದು. ಬೇರಿಂಗಿನ ಎರಡು ಹೋಳುಗಳು ಯಾವ ಮುಖವಾಗಿ ಕೂಡಿದ್ದುವೆಂಬುದಕ್ಕೆ ಗುರುತು ಹಾಕಬೇಕು. ಅವುಗಳ ನಡುವಣ ತೆಳುವಾದ ತಗಡುಗಳನ್ನು ಕಳೆಯಲೂ ಬಾರದು, ಅದಲುಬದಲು ಮಾಡಲೂ ಬಾರದು. ಇಂದಿನ ದಿನಗಳಲ್ಲಿ ಮೊಬೈಲು ದೂರವಾಣಿಯಿಂದ ಹಂತಹಂತಕ್ಕೂ ಚಿತ್ರ ತೆಗೆದಿಟ್ಟುಕೊಳ್ಳುವುದು ಸುಲಭವಾದ ಉಪಾಯ.

ಅಂಗಗಳ ಶುದ್ಧಿ.— ಪಿಸ್ಟನ್ನಿನ ಉಂಗುರಗಳು ಎರಕದ ಕಬ್ಬಿಣದವಾದುದರಿಂದ ಸ್ವಲ್ಪ ಹೆಚ್ಚು ಅಗಲಿಸಿದರೂ ಮುರಿಯುತ್ತವೆ. ಪ್ರತಿ ಉಂಗುರವನ್ನೂ ಬರಿಯ ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ ಅದರ ಬಾಯಿಯ ಬಿರುಕನ್ನು ಅಳೆಯತಕ್ಕದ್ದು. ವ್ಯಾಸದ ಅಂಗುಲವೊಂದಕ್ಕೆ ಅಂಗುಲದ ಸಾವಿರ ಭಾಗಗಳಲ್ಲಿ ಮೂರು ನಾಲ್ಕು ಭಾಗಗಳಷ್ಟು ಬಿರುಕು ಇರುವುದು ಸಾಮಾನ್ಯ ನಿಯಮ. 6 ಅಶ್ವಶಕ್ತಿಯ ಲಿಸ್ಟರಿನ ನಾಲ್ಕೂವರೆ ಅಂಗುಲದ ಸಿಲಿಂಡರಿಗೆ ಇದು ಸುಮಾರು 0.4 ಮಿಲಿಮೀಟರು ಆಗುತ್ತದೆ. ಇದಕ್ಕಿಂತ ಬಹಳ ಹೆಚ್ಚಿದ್ದರೆ ಉಂಗುರಗಳನ್ನೂ, ಸಿಲಿಂಡರಿನಲ್ಲಿ ಉಗುರಿಗೆ ತಡೆಯುವಷ್ಟು ಅಂಚು ಬಿದ್ದಿದ್ದರೆ ಅದರ ಲೈನರನ್ನೂ ಬದಲಾಯಿಸಬೇಕು.

ವಾಲ್ವುಗಳನ್ನು ಅವುಗಳ ಪೀಠಕ್ಕೆ ಅರೆಯುವ ಮುಲಾಮು ಹಚ್ಚಿ, ಸುತ್ತಲೂ ಬೂದುಬಣ್ಣದ ಒಂದೇ ಸಮನಾದ ಗೆರೆ ಕಾಣುವವರೆಗೆ ತಿರುಗಿಸಿ ತಿರುಗಿಸಿ ಉಜ್ಜತಕ್ಕದ್ದು. ಆಮೇಲೆ ಮುಲಾಮನ್ನು ಲೇಶವೂ ಉಳಿಯದಂತೆ ತೊಳೆದು, ವಾಲ್ವನ್ನು ಸ್ಪ್ರಿಂಗಿನೊಡನೆ ಜೋಡಿಸಿ, ಹಿಂದಿನ ದ್ವಾರಕ್ಕೆ ಸೀಮೆಎಣ್ಣೆ ಸುರಿದು ನೋಡುವುದು. ಕೆಲವು ನಿಮಿಷಗಳವರೆಗೆ ಒಸರದಿದ್ದರೆ ವಾಲ್ವು ಸರಿಯಾಗಿ ಕುಳಿತಿದೆ. ಡೀಸೆಲ್ ಎಂಜಿನಿಗೆ ಕಿಡಿಯ ಪ್ಲಗ್ಗಿಲ್ಲ. ಒತ್ತಿದ ವಾಯುವಿನ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ಉಂಗುರಗಳಲ್ಲಾಗಲಿ ವಾಲ್ವುಗಳಲ್ಲಾಗಲಿ ವಾಯುವು ಸೋರಿದರೆ ಆ ಕಾವು ಹುಟ್ಟುವುದಿಲ್ಲ, ಎಂಜಿನು ಹೊತ್ತುವುದಿಲ್ಲ. ಸಿಲಿಂಡರಿನ ಸುತ್ತಣ ನೀರಿನ ಕೋಶದಲ್ಲಿ ಬಾವಿಯ ಗಡಸುನೀರಿನ ಸುಣ್ಣ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆದು ತೆಗೆಯದಿದ್ದರೆ ಸರಿಪಡಿಸಿದ ಎಂಜಿನು ಒಂದು ತಾಸಿನಲ್ಲಿ ಮತ್ತೆ ಕಾದು ಹಿಡಿಯುತ್ತದೆ.

ಮನೆಯಲ್ಲಿ ಮಾಡಬಾರದ ಕೆಲಸ.— ಇಂಧನದ ಪಂಪು ಮತ್ತು ನಾಜಲು ಇವೆರಡರ ಒಳಗಿನ ಭಾಗಗಳು ಕೂದಲಿನ ದಪ್ಪಕ್ಕಿಂತಲೂ ಬಹಳ ಸೂಕ್ಷ್ಮವಾದ ಅಳತೆಗೆ ಅರೆದು ಕೂಡಿಸಿದವು. ಇವುಗಳನ್ನು ಪಟ್ಟಣದ ಕ್ಯಾಲಿಬ್ರೇಷನ್ ಅಂಗಡಿಗೆ ಒಯ್ದು ಪರೀಕ್ಷಿಸಿಸಿ ತರುವುದೇ ಕ್ಷೇಮ. ನಾಜಲಿನಿಂದ ಸಿಡಿಯುವ ಎಣ್ಣೆಯು ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ಹೋಗಬಲ್ಲದು. ಹೊರಗೆ ಚುಕ್ಕೆಯಷ್ಟು ಗಾಯ ಕಂಡರೂ ಒಳಗೆ ಮಾಂಸ ಕೊಳೆತು ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು. ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು. ಇಂಧನದ ತೊಟ್ಟಿಯನ್ನು ತೊಳೆಯುವುದು, ಸೋಸುವ ಫಿಲ್ಟರನ್ನು ಬದಲಾಯಿಸುವುದು, ಕೊಳವೆಯಲ್ಲಿ ಸೇರಿದ ಗಾಳಿಯನ್ನು ಬಿಡಿಸುವುದು, ಇವು ಯಾರಾದರೂ ಮಾಡಬಹುದಾದ ಕೆಲಸಗಳು.

ಮೊದಲ ಚಾಲನೆ.— ಹ್ಯಾಂಡಲು ಹಿಡಿಯುವುದಕ್ಕೆ ಮುಂಚೆ ಗವರ್ನರನ್ನು ನೋಡತಕ್ಕದ್ದು. ಇದು ವೇಗವನ್ನು ಹಿಡಿದಿಡುವ ಅಂಗ. ಇದರ ಕೀಲುಗಳು ತುಕ್ಕಿನಿಂದ ಹಿಡಿದಿದ್ದರೆ ಎಂಜಿನು ಹೊತ್ತಿದೊಡನೆ ಅಂಕೆ ತಪ್ಪಿ ಓಡಿ ಛಿದ್ರವಾಗುವ ಅಪಾಯವುಂಟು. ಪಂಪಿನ ಕಡ್ಡಿಯು ಬೆರಳಿನಿಂದ ದೂಡಿದರೆ ಎಣ್ಣೆ ನಿಲ್ಲುವ ಸ್ಥಾನಕ್ಕೆ ಸರಾಗವಾಗಿ ಹೋಗಿ ಬರಬೇಕು. ಅಲ್ಲದೆ ಗಾಳಿಯ ದ್ವಾರವನ್ನು ಮುಚ್ಚಲು ಒಂದು ಹಲಗೆಯನ್ನು ಕೈಗೆಟುಕುವಂತೆ ಇಟ್ಟುಕೊಂಡಿರತಕ್ಕದ್ದು. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಅಲ್ಲಿಗೆ ಒಡ್ಡಕೂಡದು. ಪಂಚೆಯನ್ನು ಮೇಲೆ ಕಟ್ಟಿ, ವಲ್ಲಿಯನ್ನು ತೆಗೆದಿಟ್ಟು ಕೆಲಸಕ್ಕೆ ನಿಲ್ಲಬೇಕು. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಲಿ. ಹಿಂದಕ್ಕೆ ಒದೆದರೆ ಕೈ ಜಾರಿ ಬಿಡಿಸಿಕೊಳ್ಳುತ್ತದೆ. ಹ್ಯಾಂಡಲು ಕೂರುವ ಷಾಫ್ಟಿನ ತುದಿಯನ್ನು ಉಜ್ಜಿ ಎಣ್ಣೆ ಹಚ್ಚಿರಬೇಕು. ಅಲ್ಲಿ ತುಕ್ಕಿದ್ದರೆ ಹ್ಯಾಂಡಲು ಕಳಚದೆ ಎಂಜಿನಿನೊಡನೆ ಗಿರ್ರನೆ ತಿರುಗಿ ಹಾರಿಬೀಳುತ್ತದೆ.

ಹೊಗೆಯನ್ನು ನೋಡಿ ರೋಗವನ್ನು ತಿಳಿಯಬಹುದು. ಕಪ್ಪು ಹೊಗೆಗೆ ಅತಿಭಾರವೋ ಕೆಟ್ಟ ನಾಜಲೋ ಕಾರಣ. ನೀಲಿ ಹೊಗೆ ಬಂದರೆ ತಳದ ಎಣ್ಣೆ ಮೇಲೇರಿ ಉರಿಯುತ್ತಿದೆ. ಬಿಳಿಯ ಹೊಗೆ ನಿಲ್ಲದೆ ಬಂದರೆ ಇಂಧನವು ಉರಿಯದೆ ಹೊರಬೀಳುತ್ತಿದೆ, ಇಲ್ಲವೆ ಸಿಲಿಂಡರಿಗೆ ನೀರು ಸೋರುತ್ತಿದೆ. ಮೊದಲ ದಿನ ಭಾರವಿಲ್ಲದೆ ಸ್ವಲ್ಪ ಹೊತ್ತು ನಡೆಸಿ, ಕೈಯಿಟ್ಟು ಬೇರಿಂಗುಗಳ ಕಾವನ್ನು ಎಂಜಿನು ನಿಂತ ಮೇಲೆ ಪರೀಕ್ಷಿಸಬೇಕು. ಕೆಲವು ತಾಸು ನಡೆದ ಮೇಲೆ ಹೊಸದಾಗಿ ಹಾಕಿದ ಎಣ್ಣೆಯನ್ನೂ ಒಮ್ಮೆ ಬದಲಾಯಿಸತಕ್ಕದ್ದು. 5 ಅಶ್ವಶಕ್ತಿಯ ಎಂಜಿನು ಪೂರ್ಣಭಾರದಲ್ಲಿ ತಾಸಿಗೆ ಸುಮಾರು ಒಂದೂಕಾಲು ಲೀಟರು ಡೀಸೆಲನ್ನು ತಿನ್ನುತ್ತದೆ. ಆದುದರಿಂದ ಇದು ನಿತ್ಯದ ನೀರಾವರಿಗಲ್ಲ, ಆಪತ್ತಿನ ಕಾಲಕ್ಕೆ ಎಂದೇ ತಿಳಿಯುವುದು ಯುಕ್ತ.

ಎಂಜಿನನ್ನು ನಿಲ್ಲಿಸತಕ್ಕ ಸ್ಥಳ.— ಪಂಪು ಇಪ್ಪತ್ತು ಅಡಿಗಿಂತ ಕೆಳಗಿನಿಂದ ನೀರನ್ನು ಹೀರಲಾರದೆಂದು ಮೇಲೆ ಹೇಳಲಾಗಿದೆ. ಬೇಸಗೆಯಲ್ಲಿ ನೀರು ಇಳಿದಂತೆಲ್ಲ ಎಂಜಿನನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸುವ ಪದ್ಧತಿಯು ಇದರಿಂದಲೇ ಹುಟ್ಟಿತು. ಇದರಷ್ಟು ಘೋರವಾದ ತಪ್ಪು ಮತ್ತೊಂದಿಲ್ಲ. ಎಂಜಿನಿನ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡೆಂಬ ವಿಷವಾಯು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಂತಹ ಇಕ್ಕಟ್ಟಿನಲ್ಲಿ ಅದು ತುಂಬಿಕೊಂಡು, ಒಳಗಿರುವವನು ತಲೆ ಸುತ್ತುತ್ತಿದೆಯೆಂದು ಅರಿಯುವಷ್ಟರಲ್ಲಿಯೇ ಕಾಲುಗಳ ಬಲ ಉಡುಗಿಹೋಗುತ್ತದೆ. ದೀಪವನ್ನು ಇಳಿಸಿ ನೋಡುವ ಹಿರಿಯರ ಪರೀಕ್ಷೆಯು ಪ್ರಾಣವಾಯುವಿನ ಕೊರತೆಯನ್ನು ತೋರಿಸುವುದೇ ಹೊರತು ಈ ವಿಷವನ್ನು ತೋರಿಸುವುದಿಲ್ಲ. ದೀಪವು ಚೆನ್ನಾಗಿ ಉರಿಯುತ್ತಿರುವಲ್ಲಿಯೇ ಮನುಷ್ಯನು ಸಾಯಬಹುದು. ಬಿದ್ದವನನ್ನು ಎತ್ತಲು ಇಳಿದ ಮಗನೋ ತಮ್ಮನೋ ಅವನ ಪಕ್ಕದಲ್ಲಿಯೇ ಬೀಳುತ್ತಾನೆ. ಆದುದರಿಂದ ಯಾರಾದರೂ ಬಿದ್ದರೆ ಬರಿಗೈಯಲ್ಲಿ ಇಳಿಯದೆ, ಹೊಗೆಯ ಬಾವಿಗಳಿಗೆ ತಕ್ಕ ಉಸಿರಾಟದ ಸಾಧನಗಳುಳ್ಳ ಅಗ್ನಿಶಾಮಕ ದಳದವರನ್ನು ಒಡನೆ ಕರೆಯಿಸಬೇಕು. ಬಾಗಿಲು ಮುಚ್ಚಿದ ಪಂಪುಮನೆಗೂ ಈ ಮಾತು ಅನ್ವಯಿಸುತ್ತದೆ.

ಎಂಜಿನು ಯಾವಾಗಲೂ ನೆಲದ ಮೇಲೆ, ಗಾಳಿಯಾಡುವ ಜಾಗದಲ್ಲಿ ಇರತಕ್ಕದ್ದು. ನೀರು ಆಳಕ್ಕೆ ಹೋಗಿದ್ದರೆ ಎಂಜಿನಿನಿಂದ ಡೈನಮೋ ನಡೆಸಿ, ಆ ವಿದ್ಯುತ್ತಿನಿಂದ ಅದರ ಶಕ್ತಿಗೆ ತಕ್ಕ ಚಿಕ್ಕ ಮೋಟಾರು ಪಂಪನ್ನು ಬಾವಿಯಲ್ಲಿ ಇಳಿಬಿಟ್ಟು ನಡೆಸಬಹುದು. ಹಾಗೆ ಮಾಡುವವರು ಕಂಬದ ವಿದ್ಯುತ್ತಿಗೂ ಇದಕ್ಕೂ ಎಂದಿಗೂ ಕೂಡುವಿಕೆಯಿಲ್ಲದಂತೆ ಬದಲಿ ಸ್ವಿಚ್ಚನ್ನು ಲೈಸೆನ್ಸು ಪಡೆದ ಕೆಲಸಗಾರರಿಂದ ಹಾಕಿಸಬೇಕು; ಇಲ್ಲವಾದರೆ ಕಂಬದ ಮೇಲೆ ಕೆಲಸ ಮಾಡುವ ಲೈನುಮನ್ನಿನ ಜೀವಕ್ಕೆ ಅಪಾಯ.

ಗ್ರಾಮದ ಹಿರಿಯರೂ ಜಮೀನುದಾರರೂ ತಮ್ಮ ಊರಿನಲ್ಲಿ ನಿಂತುಹೋಗಿರುವ ಎಂಜಿನುಗಳೆಷ್ಟು, ಅವುಗಳಲ್ಲಿ ಬಾವಿಯೊಳಗೆ ಇರುವವೆಷ್ಟು ಎಂಬುದನ್ನು ಮಳೆಗಾಲದ ಬಿಡುವಿನಲ್ಲಿ ವಿಚಾರಿಸಿದರೆ ಬಹಳ ಉಪಕಾರವಾದೀತು. ಒಂದೇ ಮಾದರಿಯ ಎರಡು ಕೆಟ್ಟ ಎಂಜಿನುಗಳಿಂದ ಒಂದು ಒಳ್ಳೆಯ ಎಂಜಿನು ಸಿದ್ಧವಾಗುವುದು ಅಪರೂಪವಲ್ಲ. ನೆರೆಹೊರೆಯವರು ಕೂಡಿದರೆ ಖರ್ಚೂ ಹಂಚಿಹೋಗುತ್ತದೆ. ಸಿದ್ಧವಾದುದನ್ನು ತಿಂಗಳಿಗೊಮ್ಮೆ ಕಾಲು ತಾಸಾದರೂ ನಡೆಸುತ್ತಿದ್ದರೆ ಅದು ಮತ್ತೆ ತುಕ್ಕು ಹಿಡಿಯದು. ಪೈರು ಬಾಡುವ ದಿನ ಸುತ್ತಿಗೆಯನ್ನು ಹುಡುಕುವ ಪ್ರಸಂಗವೂ ಬಾರದು.