ಬಿಷಪ್ ಇಲ್ಲದ ಸಭೆ

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕುಗಳು ಧರ್ಮದ ವಿಷಯದಲ್ಲಿ ಎಂದೂ ಸುಮ್ಮನೆ ಕೂತ ಸೀಮೆಯಲ್ಲ. ಹಿರೇಕೆರೂರಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ನಿಂತ. ಶಿಗ್ಗಾವಿಯ ಬಾಡ ಕನಕದಾಸರ ಊರು. ಅದೇ ತಾಲೂಕಿನ ಶಿಶುನಾಳದ ಷರೀಫರು ಕಳಸದ ಗೋವಿಂದಭಟ್ಟರ ಕಾಲಿಗೆರಗಿ ಗುರುವೆಂದರು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಕಟ್ಟಿದರು. ಇಲ್ಲಿಯ ಜನ ಹೊಸ ಪಂಥವನ್ನು ಕಂಡು ಬೆಚ್ಚುವುದಿಲ್ಲ, ಆದರೆ ಸುಲಭಕ್ಕೆ ನಂಬುವುದೂ ಇಲ್ಲ. ‘ಏನು ಮಾಡತಾರ ನೋಡೋಣ’ ಎಂದು ಕಟ್ಟೆಯ ಮೇಲೆ ಕೂತು ನೋಡುತ್ತಾರೆ.

ಇಂಥ ಊರುಗಳಲ್ಲಿ ಬ್ಯಾಪ್ಟಿಸ್ಟ್ ಸಭೆಯೊಂದು ಬೇರೂರಬೇಕಾದರೆ ಏನು ಬೇಕು? ಮೊದಲಿಗೆ, ಬ್ಯಾಪ್ಟಿಸ್ಟರೆಂದರೆ ಯಾರು ಎಂಬುದೇ ಹಲವರಿಗೆ ಗೊತ್ತಿಲ್ಲ. ಚರ್ಚು ಎಂದರೆ ಎಲ್ಲವೂ ಒಂದೇ ಎಂಬ ಭಾವನೆ ನಮ್ಮಲ್ಲಿದೆ. ಕ್ಯಾಥೊಲಿಕರಿಗೆ ರೋಮಿನ ಪೋಪ್, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ)ನವರಿಗೆ ಬಿಷಪ್ ಇದ್ದಾರೆ. ಬ್ಯಾಪ್ಟಿಸ್ಟರಿಗೆ ಇಬ್ಬರೂ ಇಲ್ಲ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಬೋಧಕ ತನ್ನ ಸಂಗಡಿಗರೊಡನೆ ಶುರುಮಾಡಿದ ಈ ಪಂಥದ ಹಟ ಒಂದೇ: ಹಾಲುಗೂಸಿಗೆ ದೀಕ್ಷಾಸ್ನಾನ ಕೊಡಬಾರದು. ತಿಳಿವಳಿಕೆ ಬಂದವನು ತಾನಾಗಿಯೇ ನಂಬಿದೆನೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಅವನಿಗೆ ದೀಕ್ಷೆ. ಹೀಗಾಗಿ ಬ್ಯಾಪ್ಟಿಸ್ಟ್ ದಂಪತಿಯ ಮಗುವೂ ಹುಟ್ಟಿನಿಂದ ಸಭೆಯ ಸದಸ್ಯನಲ್ಲ.

ದೀಕ್ಷೆ ಕೊಡುವ ರೀತಿಯೂ ಬೇರೆ. ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಆಗದು, ಇಡೀ ಮೈ ಮುಳುಗಬೇಕು. ದೊಡ್ಡ ಚರ್ಚುಗಳಲ್ಲಿ ಅದಕ್ಕೆಂದೇ ತೊಟ್ಟಿ ಕಟ್ಟಿರುತ್ತಾರೆ. ಸಣ್ಣ ಸಭೆಗಳಿಗೆ ಹೊಳೆ, ಕೆರೆ, ಕಾಲುವೆಯೇ ಗತಿ. ಬೋಧಕರು ಸೊಂಟಮಟ್ಟದ ನೀರಿನಲ್ಲಿ ನಿಲ್ಲುತ್ತಾರೆ. ದೀಕ್ಷೆ ಪಡೆಯುವವರು, ಹೆಚ್ಚಾಗಿ ಬಿಳಿ ಬಟ್ಟೆಯಲ್ಲಿ, ಒಬ್ಬೊಬ್ಬರಾಗಿ ಇಳಿದು ಬಂದು ಎದೆಯ ಮೇಲೆ ಕೈ ಕಟ್ಟುತ್ತಾರೆ. ಬೋಧಕರ ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಆ ಕಟ್ಟಿದ ಕೈಗಳ ಮೇಲೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಹಿಂದಕ್ಕೆ ಬಾಗಿಸಿ ಒಮ್ಮೆ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಮೂಗಿಗೆ ನೀರು ಹೋಗಿ ಕೆಮ್ಮುವವರೂ ಉಂಟು. ದಡದಲ್ಲಿ ಹೆಣ್ಣುಮಕ್ಕಳು ಟವೆಲು, ಒಣ ಸೀರೆ ಹಿಡಿದು ಕಾಯುತ್ತಾ ಹಾಡುತ್ತಿರುತ್ತಾರೆ. ಇದಕ್ಕೂ ಮೊದಲು ಆ ವ್ಯಕ್ತಿ ಸಭೆಯ ಮುಂದೆ ‘ಸಾಕ್ಷಿ’ ಹೇಳಿರಬೇಕು. ತಾನು ಹೇಗೆ ನಂಬಿದೆ, ಬದುಕಿನಲ್ಲಿ ಏನು ಬದಲಾಯಿತು ಎಂದು ತನ್ನದೇ ಮಾತಿನಲ್ಲಿ ಹೇಳಬೇಕು. ಬರೀ ಬಾಯಿಪಾಠ ಒಪ್ಪಿಸಿದರೆ ಹಿರಿಯರು ಇನ್ನಷ್ಟು ದಿನ ಕಾಯಿಸುತ್ತಾರೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆಡಳಿತ. ಒಂದೊಂದು ಬ್ಯಾಪ್ಟಿಸ್ಟ್ ಸಭೆಯೂ ತನಗೆ ತಾನೇ ಒಡೆಯ. ಬೋಧಕರನ್ನು ಕರೆಸಿಕೊಳ್ಳುವುದು, ಬೇಡವಾದರೆ ಕಳಿಸುವುದು, ಲೆಕ್ಕ ಒಪ್ಪುವುದು, ಜಾಗ ಕೊಳ್ಳುವುದು, ಎಲ್ಲಕ್ಕೂ ಸದಸ್ಯರ ಕೂಟದ ಒಪ್ಪಿಗೆ ಬೇಕು. ಹತ್ತೆಕರೆ ಗೌಡನಿಗೂ ಕೂಲಿ ಮಾಡುವ ಹೆಣ್ಣುಮಗಳಿಗೂ ಒಂದೇ ಮತ. ಹಾಗಾಗಿ ಜಗಳಗಳೂ ಹೆಚ್ಚು. ಒಡೆದು ಎರಡಾದ ಬ್ಯಾಪ್ಟಿಸ್ಟ್ ಸಭೆಗಳಿಗೆ ಲೋಕದಲ್ಲಿ ಬರವಿಲ್ಲ. ಮೇಲಿನವರ ಹಣ ಬರುತ್ತದೆಂದು ಕಾಯುವಂತಿಲ್ಲವಾದ್ದರಿಂದ ಕಾಣಿಕೆ, ದಶಮಾಂಶ, ಬೆಳೆ ಹಬ್ಬದ ಹರಾಜುಗಳೇ ಆಧಾರ. ಬ್ಯಾಪ್ಟಿಸ್ಟರು ದೊಡ್ಡ ಸಂಖ್ಯೆಯಲ್ಲಿರುವ ಮಿಜೋರಾಮಿನಲ್ಲಿ ಇನ್ನೊಂದು ದಾರಿ ಇದೆ. ಅಲ್ಲಿಯ ಕ್ರೈಸ್ತ ಹೆಂಗಸರು ಪ್ರತಿ ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುತ್ತಾರೆ. ಆ ಅಕ್ಕಿ ಮಾರಿದ ಹಣದಲ್ಲಿ ದೂರದ ಊರುಗಳಿಗೆ ಸೇವಕರನ್ನು ಕಳಿಸುತ್ತಾರೆ. ಮಠಗಳ ಜೋಳಿಗೆ ಕಂಡ ನಮ್ಮ ಸೀಮೆಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಸಣ್ಣ ಸಭೆ, ಸಣ್ಣ ದುಡ್ಡು ಎಂಬುದು ಇವರಿಗೆ ನಾಚಿಕೆಯ ಮಾತಲ್ಲ. 1792ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಮನೆಯೊಂದರಲ್ಲಿ ಬೆರಳೆಣಿಕೆಯ ಬ್ಯಾಪ್ಟಿಸ್ಟ್ ಬೋಧಕರು ಕೂಡಿ ಮಿಷನರಿ ಸಂಘ ಕಟ್ಟಿದಾಗ ಸೇರಿದ ವಂತಿಗೆಯ ವಾಗ್ದಾನ 13 ಪೌಂಡು, 2 ಷಿಲಿಂಗು, 6 ಪೆನ್ಸ್. ವಾಗ್ದಾನ ಬರೆದ ಚೀಟಿಗಳನ್ನು ಹಾಕಿದ್ದು ನಶ್ಯದ ಡಬ್ಬಿಯಲ್ಲಿ. ಆ ಸಂಘ ಕಳಿಸಿದ ವಿಲಿಯಂ ಕೇರಿ ಮೊದಲು ಚಪ್ಪಲಿ ಹೊಲಿಯುತ್ತಿದ್ದವನು. 1793ರಲ್ಲಿ ಬಂಗಾಳಕ್ಕೆ ಬಂದು, 1800ರಲ್ಲಿ ಸಿರಾಂಪುರದಲ್ಲಿ ಮುದ್ರಣಾಲಯ ಹಾಕಿಕೊಂಡ. ಕನ್ನಡ ನಾಡಿಗೆ ಅವನು ಬಂದವನೇ ಅಲ್ಲ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಪಂಡಿತರ ಬಲದಿಂದ ಕನ್ನಡ ಕಲಿತು 1817ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿದ. ಕನ್ನಡ ಅಕ್ಷರ ಅಚ್ಚಿನ ಮೊಳೆಯಲ್ಲಿ ಕಂಡ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ಅದಕ್ಕೂ ಐದು ವರ್ಷ ಮೊದಲು, 1812ರ ಮಾರ್ಚ್ 11ರ ರಾತ್ರಿ, ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಹಸ್ತಪ್ರತಿಗಳು, ಕಾಗದ, ಮೊಳೆಗಳು ನಾಶವಾದವು. ಕರಗಿದ ಸೀಸವನ್ನು ಬೂದಿಯಿಂದ ಬಾಚಿ ಮತ್ತೆ ಮೊಳೆ ಎರಕ ಹೊಯ್ದರು. ಬ್ಯಾಪ್ಟಿಸ್ಟರಿಂದ ಕನ್ನಡಕ್ಕೆ ಬಂದ ಮೊದಲ ಕೊಡುಗೆ ಚರ್ಚು ಅಲ್ಲ, ವ್ಯಾಕರಣ ಎಂಬುದನ್ನು ನೆನಪಿಡಬೇಕು.

ಹಳೆಯ ಧಾರವಾಡ ಜಿಲ್ಲೆಗೆ, ಅಂದರೆ ಈ ನಾಲ್ಕು ತಾಲೂಕುಗಳೂ 1997ರವರೆಗೆ ಸೇರಿದ್ದ ಜಿಲ್ಲೆಗೆ, ಪ್ರೊಟೆಸ್ಟಂಟ್ ಕ್ರೈಸ್ತಧರ್ಮ ತಂದವರು ಬಾಸೆಲ್ ಮಿಷನ್ನಿನವರು. ಅವರು ಬ್ಯಾಪ್ಟಿಸ್ಟರಲ್ಲ, ಶಿಶುಗಳಿಗೂ ದೀಕ್ಷೆ ಕೊಡುವವರು. 1834ರಲ್ಲಿ ಮಂಗಳೂರಿಗೆ ಇಳಿದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ತಲುಪಿದರು. ಅವರ ಒಂದು ಸೋಲಿನ ಕತೆ ಇಂದಿನ ಯಾವ ಸಭೆಗೂ ಪಾಠವಾಗುವಂಥದ್ದು. 1840ರ ಸುಮಾರಿಗೆ ಹುಬ್ಬಳ್ಳಿ–ಗದಗ ಕಡೆಯ ಕಾಲಜ್ಞಾನ ನಂಬುವ ಕೆಲವರು ಮಿಷನರಿಗಳ ಬಳಿ ಬಂದರು. ಸಾವಿರಾರು ಜನ ಒಟ್ಟಿಗೆ ಕ್ರೈಸ್ತರಾಗುತ್ತಾರೆಂದು ಮಿಷನರಿಗಳಿಗೆ ಆಸೆ ಹುಟ್ಟಿತು. ಅಂಥವರು ನೆಲೆಸಲೆಂದು ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ಒಕ್ಕಲುತನದ ವಸಾಹತು ಶುರುಮಾಡಿದರು. ಬಂದವರು ಕೈಬೆರಳೆಣಿಕೆ. ವಸಾಹತು ಮುಚ್ಚಿತು.

ಉಳಿದದ್ದು ಬೇರೆ ಕೆಲಸ. ಧಾರವಾಡದ ಬಾಸೆಲ್ ಮಿಷನ್ ಹೈಸ್ಕೂಲು ಉಳಿಯಿತು. 1876–78ರ ಭೀಕರ ಬರದಲ್ಲಿ ತಬ್ಬಲಿ ಮಕ್ಕಳನ್ನು ಸಾಕಿದ ನೆನಪು ಉಳಿಯಿತು. ಬೆಟಗೇರಿಯ ಆಸ್ಪತ್ರೆಯನ್ನು ಜನ ಇಂದಿಗೂ ‘ಜರ್ಮನ್ ದವಾಖಾನಿ’ ಎನ್ನುತ್ತಾರೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಎಷ್ಟು ಜನರಿಗೆ ದೀಕ್ಷೆ ಕೊಟ್ಟರೆಂದು ಯಾರೂ ಕೇಳುವುದಿಲ್ಲ. 1894ರ ಅವರ ನಿಘಂಟನ್ನು ಮಾತ್ರ ಕನ್ನಡ ಬಲ್ಲ ಯಾವ ಜಾತಿಯವರೂ ಕೈಬಿಟ್ಟಿಲ್ಲ. ತಲೆ ಎಣಿಸಲು ಹೋದಲ್ಲಿ ಮಿಷನ್ ಸೋತಿತು, ತಲೆ ಎಣಿಸದೆ ಕೆಲಸ ಮಾಡಿದಲ್ಲಿ ಗೆದ್ದಿತು.

ಬ್ಯಾಪ್ಟಿಸ್ಟರದೇ ಉದಾಹರಣೆ ಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿ 1973ರ ಜನವರಿಯಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 80 ಹಾಸಿಗೆಗಳ ಆಸ್ಪತ್ರೆ ತೆರೆದರು. ಆಗ ಹೆಬ್ಬಾಳ ಊರಾಚೆಯ ಜಾಗ. ರೆಬೆಕಾ ಆ್ಯನ್ ನೇಲರ್ ಎಂಬ ಶಸ್ತ್ರಚಿಕಿತ್ಸಕಿ ದಶಕಗಳ ಕಾಲ ಅಲ್ಲಿ ದುಡಿದರು. ಇಂದು ಅಲ್ಲಿಯ ನರ್ಸಿಂಗ್ ಶಾಲೆಗೆ ಅವರ ಹೆಸರಿದೆ. 1989ರಲ್ಲಿ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಬಂತು. ಸ್ಥಾಪಿಸಿದವರು ತಮ್ಮ ಸಂಸ್ಥೆಯನ್ನು ಇನ್ನೊಂದು ಕ್ರೈಸ್ತ ಸಂಸ್ಥೆಗೆ ಬಿಟ್ಟುಕೊಟ್ಟು ನಡೆಸಲು ಹೇಳುವುದು ನಮ್ಮ ಟ್ರಸ್ಟಿಗಳ ಲೋಕದಲ್ಲಿ ಅಪರೂಪ. ದೇವನಹಳ್ಳಿ ಕಡೆಯ ಹಳ್ಳಿಗಳಿಗೆ ಹೋಗುವ ಆರೋಗ್ಯ ತಂಡ, ಕ್ಯಾನ್ಸರ್ ಉಲ್ಬಣಿಸಿ ಮನೆಯಲ್ಲೇ ಮಲಗಿದವರ ಆರೈಕೆಗೆ ಹೋಗುವ ದಾದಿಯರು ಆ ಆಸ್ಪತ್ರೆಯ ನಿಜವಾದ ಹೆಗ್ಗಳಿಕೆ. ಗಾಯ ತೊಳೆದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೇಗೆಂದು ಮನೆಯವರಿಗೆ ತೋರಿಸಿ ಬರುವ ಕೆಲಸವದು.

ಹಾನಗಲ್ಲಿನ ಇಪ್ಪತ್ತು ಮನೆಯ ಸಭೆಯೊಂದು ಆಸ್ಪತ್ರೆ ಕಟ್ಟಲಾರದು, ಕಟ್ಟಬೇಕಾಗಿಯೂ ಇಲ್ಲ. ಮಗ್ಗುಲು ಬದಲಿಸುವ ಕೆಲಸಕ್ಕೆ ಕಟ್ಟಡ ಬೇಡ. ಸಂಜೆ ಮಕ್ಕಳಿಗೆ ಲೆಕ್ಕ, ಇಂಗ್ಲಿಷ್ ಹೇಳಿಕೊಡುವುದಕ್ಕೆ, ಒಂಟಿ ಮುದುಕಿಯ ಪಿಂಚಣಿ ಅರ್ಜಿ ಹಿಡಿದು ತಹಸೀಲ್ದಾರ್ ಕಚೇರಿಗೆ ಅಲೆಯುವುದಕ್ಕೆ, ಕುಡಿತ ಬಿಡಬೇಕೆಂದವನ ಜೊತೆ ಕೂರುವುದಕ್ಕೆ ಬೇಕಾದ್ದು ಸಮಯ. ಪ್ರತಿ ಸದಸ್ಯನೂ ಸೇವಕನೇ ಎಂದು ಹೇಳುವ ಪಂಥಕ್ಕೆ ಸಮಯ ಕೊಡುವ ಜನರ ಕೊರತೆ ಇರಬಾರದು.

ಇಲ್ಲೊಂದು ಮುಳ್ಳಿನ ಪ್ರಶ್ನೆ ಇದೆ: ಈ ಸೇವೆ ಮತಾಂತರಕ್ಕೆ ಗಾಳವೇ? ಪ್ರಶ್ನೆಯನ್ನು ಜಾರಿಸುವುದು ಸರಿಯಲ್ಲ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರೊಳಗಿಲ್ಲವೆಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜ್ಯದಲ್ಲಿ 2022ರ ಮತಾಂತರ ನಿಷೇಧ ಕಾಯ್ದೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಶಿಗ್ಗಾವಿಯ ಆಗಿನ ಶಾಸಕ ಬಸವರಾಜ ಬೊಮ್ಮಾಯಿ. 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಕಾನೂನು ಹೇಗಾದರೂ ಇರಲಿ, ಬ್ಯಾಪ್ಟಿಸ್ಟರಿಗೆ ತಮ್ಮ ಮೂಲ ಹಟವೇ ಈ ಪ್ರಶ್ನೆಗೆ ಉತ್ತರವಾಗಬೇಕು. ಹಾಲುಗೂಸಿಗೆ ಕೂಡ ದೀಕ್ಷೆ ಹೇರಬಾರದೆಂದ ಪಂಥ, ಅಕ್ಕಿ ಚೀಲ ತೋರಿಸಿ ಯಾರನ್ನಾದರೂ ನೀರಿಗಿಳಿಸಿದರೆ ಅದು ತನ್ನ ಸಿದ್ಧಾಂತಕ್ಕೇ ಮಾಡಿದ ದ್ರೋಹ. ಸೇವೆ ಪಡೆದವನು ಚರ್ಚಿಗೆ ಬರದಿದ್ದರೂ ಮರುವಾರ ಅವನ ಮನೆಗೆ ಮತ್ತೆ ಹೋಗುವ ಸಭೆ ಮಾತ್ರ ಈ ಅನುಮಾನವನ್ನು ಗೆಲ್ಲಬಲ್ಲದು.

ಹತ್ತಿರದ ಸಭೆಯನ್ನು ನೋಡಬೇಕೆನಿಸಿದರೆ ಬೆಳೆ ಹಬ್ಬಕ್ಕೆ ಹೋಗಿ. ಭತ್ತ, ಗೋವಿನಜೋಳ, ಕುಂಬಳಕಾಯಿ, ವೀಳ್ಯದೆಲೆ, ಕೋಳಿ, ಹೀಗೆ ಸದಸ್ಯರು ತಂದೊಪ್ಪಿಸಿದ್ದನ್ನೆಲ್ಲ ಅಲ್ಲಿ ಹರಾಜು ಹಾಕುತ್ತಾರೆ. ಕೂಗುವವನಿಗೆ ಯಾರ ಜಾತಿ–ಮತವೂ ಬೇಕಿಲ್ಲ, ಹೆಚ್ಚು ಕೂಗಿದವನಿಗೆ ಮಾಲು. ಒಂದು ಚೀಲ, ಒಂದಿಷ್ಟು ಚಿಲ್ಲರೆ ಜೊತೆಗಿರಲಿ. ಕೊಂಡ ಮೇಲೆ, ಈ ದುಡ್ಡು ಊರಿನ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಹಿರಿಯರನ್ನು ಕೇಳಿ. ಲೆಕ್ಕ ಹೇಳುವುದು ಅವರ ಪದ್ಧತಿ.