ಕಪ್ಪಾದ ಎಣ್ಣೆಗೆ ಬೈಯಬೇಡಿ

ದಾವಣಗೆರೆಯ ಓದುಗರೊಬ್ಬರು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಕೊಂಡಿದ್ದಾರೆ. ಮನೆಗೆ ತಂದ ಮರುದಿನ ಬಾನೆಟ್ ಎತ್ತಿ ಆಯಿಲ್ ನೋಡೋಣವೆಂದರೆ ಡಿಪ್‌ಸ್ಟಿಕ್ಕೇ ಇಲ್ಲ. ಯಾರೋ ಎತ್ತಿಟ್ಟುಕೊಂಡಿದ್ದಾರೆಂದು ಮಾರಿದವರಿಗೆ ಫೋನ್ ಮಾಡಿ ನಗೆಪಾಟಲಾದರಂತೆ. ಆಮೇಲೆ ಪರಿಚಯದ ಮೆಕ್ಯಾನಿಕ್ ಬಂದು, ಎಣ್ಣೆ ಸುರಿಯುವ ಮುಚ್ಚಳ ತೆಗೆದು, ಅದರ ಒಳಮೈಗೆ ಬೆರಳು ಸವರಿ, ಹೆಬ್ಬೆರಳಿಗೆ ತಿಕ್ಕಿ ನೋಡಿ, ‘ಪೂರಾ ಕಪ್ಪಾಗಿದೆ ಸಾರ್, ಪವರ್ ಹೋಗಿದೆ’ ಎಂದು ತೀರ್ಪು ಕೊಟ್ಟರು. ಓದುಗರ ಪ್ರಶ್ನೆ ಎರಡು: ಇಂಥ ದುಬಾರಿ ಕಾರಿನ ಎಣ್ಣೆಯನ್ನು ನಾನೇ ಬದಲಾಯಿಸಬಹುದೇ? ಕಪ್ಪಾದರೆ ಕೆಟ್ಟಿತು ಎಂಬುದು ನಿಜವೇ?

ಮೊದಲನೆಯದಕ್ಕೆ ಉತ್ತರ: ಧಾರಾಳವಾಗಿ. ಕಳೆದ ತಿಂಗಳು ಮೈಸೂರಿನಲ್ಲಿ ನನ್ನ ಭಾವಮೈದನ ಕಾರಿಗೆ, ಅದೂ ಬಿಎಂಡಬ್ಲ್ಯು 3 ಸರಣಿಯ ಆರು ಸಿಲಿಂಡರಿನ ಪೆಟ್ರೋಲ್ ಗಾಡಿಯೇ, ಅಂಗಳದಲ್ಲಿ ನಾವಿಬ್ಬರೇ ಈ ಕೆಲಸ ಮುಗಿಸಿದೆವು. ಎಂಜಿನ್ ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗೆ ಮಾಡಿಕೊಳ್ಳುವುದು, ಗಾಡಿ ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸುವುದು (ಬರೀ ಜ್ಯಾಕ್ ನಂಬಿ ಕೆಳಗೆ ತೂರುವವರಿಗೆ ನಾನೇನೂ ಹೇಳಲಾರೆ, ಅವರ ಮನೆಯವರು ಹೇಳಲಿ), ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸುವುದು, ಮೇಲೆ ಕಾಣುವ ಕಪ್ಪು ಡಬ್ಬಿಯೊಳಗಿನ ಕಾಗದದ ಫಿಲ್ಟರನ್ನೂ ಅದರ ರಬ್ಬರ್ ಬಳೆಯನ್ನೂ ಬದಲಿಸಿ 6.5 ಲೀಟರ್ ಹೊಸದನ್ನು ಸುರಿಯುವುದು. ಆ ಡಬ್ಬಿಯ ಮುಚ್ಚಳ ಪ್ಲಾಸ್ಟಿಕ್ಕಿನದು. ಎಷ್ಟು ಬಿಗಿಯಬೇಕೆಂದು ಅದರ ನೆತ್ತಿಯ ಮೇಲೇ ಅಚ್ಚೊತ್ತಿದೆ: 25 ನ್ಯೂಟನ್ ಮೀಟರ್. ನಮ್ಮಲ್ಲಿ ಬಿಗಿ ಎಂದರೆ ಹಲ್ಲು ಕಚ್ಚಿ ಇನ್ನೊಂದು ಸುತ್ತು; ಮುಚ್ಚಳ ಸೀಳುವುದು ಆ ಇನ್ನೊಂದು ಸುತ್ತಿಗೇ. ಟಾರ್ಕ್ ವ್ರೆಂಚ್ ಕೊಳ್ಳಿ. ಗಾಳಿಯ ಸಸ್ಪೆನ್ಷನ್ ಇರುವ ದೊಡ್ಡ ಗಾಡಿಯಾದರೆ ಎತ್ತುವ ಮುಂಚೆ ಅದರ ಕೈಪಿಡಿ ನೋಡಿಕೊಳ್ಳಿ. ಕೆಲವಕ್ಕೆ ಪರದೆಯಲ್ಲಿ ಜ್ಯಾಕ್ ಮೋಡ್ ಒತ್ತಬೇಕು. ಇಲ್ಲವಾದರೆ ನೀವು ಒಂದು ಮೂಲೆ ಎತ್ತುತ್ತಿರುವಾಗ ಗಾಡಿ ತನ್ನಷ್ಟಕ್ಕೆ ತಾನೇ ಮಟ್ಟ ಸರಿಮಾಡಿಕೊಳ್ಳಲು ಹೊರಡುತ್ತದೆ.

ಕೆಲಸ ಇಷ್ಟೇ. ನನಗೆ ಮಾತಾಡಬೇಕಿರುವುದು ಆ ಬೋಲ್ಟ್ ಬಿಚ್ಚಿದಾಗ ಬಾಂಡ್ಲಿಗೆ ಸುರಿದ ಕಪ್ಪು ಧಾರೆಯ ಬಗ್ಗೆ.

ಎಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ತಿರುಗುತ್ತಿರುತ್ತದೆ. 3000 ಆರ್‌ಪಿಎಂ ಎಂದರೆ ಸೆಕೆಂಡಿಗೆ 50 ಸುತ್ತು. ಒಂದೊಂದು ಸ್ಫೋಟಕ್ಕೂ ಪಿಸ್ಟನ್ ಟನ್‌ಗಟ್ಟಲೆ ಭಾರದಿಂದ ಅದನ್ನು ಅದುಮುತ್ತದೆ. ಇಷ್ಟಾದರೂ ಓಡುತ್ತಿರುವ ಎಂಜಿನ್ನಿನಲ್ಲಿ ಆ ಶಾಫ್ಟ್ ತನ್ನ ಬೇರಿಂಗನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ನಡುವೆ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪೊರೆ. ನಮ್ಮ ತಲೆಗೂದಲೇ 70 ಮೈಕ್ರಾನ್ ಆಸುಪಾಸು ಇರುತ್ತದೆ ಎಂದರೆ ಆ ಪೊರೆ ಎಷ್ಟು ತೆಳು ಅಂದಾಜು ಮಾಡಿಕೊಳ್ಳಿ. ಇಷ್ಟು ತೆಳುವಾದದ್ದು ಅಷ್ಟು ಭಾರ ಹೊತ್ತದ್ದು ಹೇಗೆ? ಆಯಿಲ್ ಪಂಪಿನ ಒತ್ತಡದಿಂದ ಎನ್ನುತ್ತಾರೆ, ಇಂಜಿನಿಯರಿಂಗ್ ಓದಿದವರೂ. ಪಂಪ್ ಕೊಡುವುದು ನಾಲ್ಕೈದು ಬಾರ್ ಒತ್ತಡ, ಕಾರಿನ ಟೈರಿನೊಳಗಿನ ಗಾಳಿಯ ಎರಡರಷ್ಟು. ಅದರಿಂದ ಟನ್‌ಗಟ್ಟಲೆ ಭಾರ ಎತ್ತಲಾಗದು. ಪಂಪ್ ಬರೀ ನೀರು ಹೊರುವ ಆಳು. ನಿಜವಾಗಿ ಎತ್ತುವವನು ಬೇರೆ.

ಅವನನ್ನು ಕಂಡುಹಿಡಿದ ಕತೆ ನನಗೆ ಬಲು ಇಷ್ಟ. 1883ರ ಇಂಗ್ಲೆಂಡ್. ರೈಲಿನ ಅಚ್ಚುಗಳಿಗೆ ಎಣ್ಣೆ ಹೇಗೆ ಕೊಟ್ಟರೆ ಘರ್ಷಣೆ ಕಡಿಮೆ ಎಂದು ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗಾಗಿ ಬೀಚಮ್ ಟವರ್ ಎಂಬಾತ ಪ್ರಯೋಗ ಮಾಡುತ್ತಿದ್ದ. ತಿರುಗುವ ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಅದ್ದಿತ್ತು, ಮೇಲೆ ಲೋಹದ ಬೇರಿಂಗ್, ಅದರ ಮೇಲೆ ಭಾರ. ಎಣ್ಣೆ ಹನಿಸಲೆಂದು ಬೇರಿಂಗಿನ ನೆತ್ತಿಯಲ್ಲಿ ಆತ ಒಂದು ತೂತು ಕೊರೆದ. ಯಂತ್ರ ಮತ್ತೆ ತಿರುಗಿಸಿದರೆ ತೂತಿನೊಳಗೆ ಇಳಿಯಬೇಕಾದ ಎಣ್ಣೆ ಕೆಳಗಿನಿಂದ ಉಕ್ಕಿ ಹೊರಬಂತು! ಗಲೀಜಾಗುತ್ತದೆಂದು ಬಿರಡೆ ಹಾಕಿದ. ಬಿರಡೆ ಮೆಲ್ಲಗೆ ಮೇಲೆದ್ದಿತು. ಮರದ ಗೂಟ ಜಡಿದ. ಗೂಟವೂ ಎದ್ದು ಬಂತು. ಇನ್ನೊಬ್ಬನಾಗಿದ್ದರೆ ಸುತ್ತಿಗೆ ತಂದು ಇನ್ನೂ ದಪ್ಪ ಗೂಟ ಬಡಿಯುತ್ತಿದ್ದ. ಟವರ್ ಆ ತೂತಿಗೆ ಒತ್ತಡ ಅಳೆಯುವ ಗೇಜ್ ಕೂರಿಸಿದ. ಬೇರಿಂಗಿನ ಮೇಲಿನ ಸರಾಸರಿ ಹೊರೆ ಚದರ ಅಂಗುಲಕ್ಕೆ 100 ಪೌಂಡ್. ಗೇಜಿನ ಮುಳ್ಳು 200ನ್ನೂ ದಾಟಿ ಅಂಕಿಗಳಾಚೆ ಹೋಗಿ ನಿಂತಿತು.

ಅಲ್ಲಿ ಪಂಪೇ ಇರಲಿಲ್ಲ ಎಂಬುದನ್ನು ನೆನಪಿಡಿ. ಒತ್ತಡ ಹುಟ್ಟಿದ್ದು ತಿರುಗುವಿಕೆಯಿಂದಲೇ. ಅಚ್ಚು ತಿರುಗುವಾಗ ತನಗಂಟಿದ ಎಣ್ಣೆಯನ್ನು ಎಳೆದೊಯ್ದು ಕಿರಿದಾಗುತ್ತ ಹೋಗುವ ಸಂದಿಯೊಳಗೆ ತುರುಕುತ್ತದೆ. ಎಣ್ಣೆಗೆ ಹಿಂದೆ ಸರಿಯಲು ದಾರಿಯಿಲ್ಲ, ಮುಂದೆ ಜಾಗವಿಲ್ಲ; ಅದು ಬೆಣೆಯಂತೆ ಹೊಕ್ಕು ಮೇಲಿನದನ್ನು ಎತ್ತಿಬಿಡುತ್ತದೆ. ಮೂರು ವರ್ಷದ ನಂತರ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದರು. ಇವತ್ತಿಗೂ ಬೇರಿಂಗ್ ವಿನ್ಯಾಸ ಮಾಡುವವರು ಹಿಡಿಯುವುದು ಅದೇ ಸಮೀಕರಣವನ್ನು. ಮಳೆಯಲ್ಲಿ ಹೆದ್ದಾರಿಯ ನೀರಿನ ಮೇಲೆ ಟೈರ್ ತೇಲಿ ಸ್ಟೀರಿಂಗ್ ಹಗುರಾಗಿ ಎದೆ ಧಸಕ್ಕೆನ್ನುತ್ತದಲ್ಲ, ಅದೂ ಇದೇ. ರಸ್ತೆಯಲ್ಲಿ ಯಾವುದಕ್ಕೆ ಹೆದರುತ್ತೇವೋ ಎಂಜಿನ್ನಿನೊಳಗೆ ಅದನ್ನೇ ಬೇಡಿಕೊಳ್ಳುತ್ತೇವೆ.

ಈ ಬೆಣೆ ನಿಲ್ಲುವುದು ಎಂಜಿನ್ನಿನ ಬಿಸಿಯಲ್ಲಿ ಎಣ್ಣೆಗಿರುವ ದಪ್ಪದ ಮೇಲೆ. ಹಾಗಾಗಿ ಬೆರಳ ನಡುವೆ ತಿಕ್ಕಿ ‘ಪವರ್’ ನೋಡುವುದು ಕಣಿ ಕೇಳಿದಷ್ಟೇ ವಿಜ್ಞಾನ. 40 ಡಿಗ್ರಿಯಲ್ಲಿರುವ ಎಣ್ಣೆ 100 ಡಿಗ್ರಿಗೆ ಬರುವಷ್ಟರಲ್ಲಿ ಐದಾರು ಪಟ್ಟು ತೆಳುವಾಗಿರುತ್ತದೆ. ಬೆರಳಿಗೆ ಅದು ಯಾವ ತಿಥಿಯಲ್ಲಿ ತಿಳಿಯಬೇಕು?

ಇನ್ನು ಬಣ್ಣ. ನಮ್ಮಜ್ಜನ ಎತ್ತಿನ ಗಾಡಿಯ ಕೆಳಗೆ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತು. ಅದರಲ್ಲಿ ಕೀಲೆಣ್ಣೆ: ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ್ದು. ಹುಟ್ಟುವಾಗಲೇ ಕಪ್ಪು. ಕಪ್ಪಾಗಿದೆ, ಬದಲಿಸಿ ಎಂದು ಅಜ್ಜನಿಗೆ ಯಾರೂ ಹೇಳಲಿಲ್ಲ. (ಹರಳೆಣ್ಣೆಯನ್ನು ಹಳ್ಳಿಯ ಸರಕೆಂದು ಹಳಿಯಬೇಡಿ. ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರೇ ಕ್ಯಾಸ್ಟರ್; ಅದನ್ನು ಬೆರೆಸಿದ್ದರಿಂದಲೇ 1909ರಲ್ಲಿ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿತು.)

ಎಂಜಿನ್ ಎಣ್ಣೆ ಕಪ್ಪಾಗುವುದು ದೀಪದ ಕುಡಿ ಕಾಡಿಗೆ ಹಿಡಿಸುವ ಹಾಗೆಯೇ. ಉರಿದ ಇಂಧನದ ಮಸಿ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ನುಸುಳಿ ಕೆಳಗಿಳಿಯುತ್ತದೆ. ಸುಮ್ಮನೆ ಬಿಟ್ಟರೆ ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ, ಲೋಹದ ಮೇಲೆ ಮೆತ್ತಿ, ಎಣ್ಣೆ ಹರಿಯುವ ಸಣ್ಣ ದಾರಿಗಳನ್ನು ಮುಚ್ಚುತ್ತವೆ. ಇದನ್ನು ತಡೆಯಲು ಎಣ್ಣೆಯಲ್ಲೇ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಎಂಬ ಎರಡು ಬಗೆಯ ರಾಸಾಯನಿಕ ಬೆರೆಸಿರುತ್ತಾರೆ. ಒಂದು ಕೊಳೆ ಬಿಡಿಸುತ್ತದೆ, ಆಮ್ಲವನ್ನೂ ತಣಿಸುತ್ತದೆ. ಇನ್ನೊಂದು ಒಂದೊಂದು ಮಸಿಕಣವನ್ನೂ ಸುತ್ತುವರಿದು ಜತೆಯವುಗಳಿಂದ ದೂರ ಇಡುತ್ತದೆ. ಎಣ್ಣೆ ಸೀಗೆಕಾಯಿ ಎಂದು ಹಗೆತನಕ್ಕೆ ಗಾದೆ ಕಟ್ಟಿದವರು ನಾವು. ರಸಾಯನ ವಿಜ್ಞಾನಿಗಳು ಎರಡಕ್ಕೂ ರಾಜಿ ಮಾಡಿಸಿ ಒಂದೇ ಡಬ್ಬಿಯಲ್ಲಿ ಕೂರಿಸಿದ್ದಾರೆ. ಮಸಿ ಹೊತ್ತು ತೇಲಾಡುವ ಎಣ್ಣೆ ಕಪ್ಪಾಗಿಯೇ ಕಾಣಬೇಕು. ಪಾತ್ರೆ ತಿಕ್ಕಿದ ನೀರು ತಿಳಿಯಾಗಿದ್ದರೆ ನೀವು ಯಾರನ್ನು ಅನುಮಾನಿಸುತ್ತೀರಿ? ಡೀಸೆಲ್ ಗಾಡಿಯಲ್ಲಂತೂ ಹಾಕಿದ ದಿನವೇ ಕಪ್ಪಾಗುವುದುಂಟು. ಗಾಬರಿ ಬೇಡ.

ಎಣ್ಣೆ ಸಾಯುವುದು ಕಣ್ಣಿಗೆ ಕಾಣದ ಕಾರಣಗಳಿಂದ. ಆಮ್ಲ ತಣಿಸುವ ಅಂಶ ಖರ್ಚಾಗುತ್ತದೆ, ಸವೆತ ತಡೆಯುವ ಸತುವಿನ ಸಂಯುಕ್ತ ಮುಗಿಯುತ್ತದೆ, ಬಿಸಿಗೆ ಎಣ್ಣೆಯೇ ಆಕ್ಸಿಡೀಕರಣಗೊಳ್ಳುತ್ತದೆ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಎಂಜಿನ್ ಬಿಸಿಯೇರುವ ಮುನ್ನವೇ ಪಯಣ ಮುಗಿದು, ಪೆಟ್ರೋಲೂ ನೀರಾವಿಯೂ ಎಣ್ಣೆಯಲ್ಲೇ ಉಳಿಯುತ್ತವೆ. ಇತ್ತ ಹೆಬ್ಬಾಳದ ಜಾಮಿನಲ್ಲಿ ಗಂಟೆಗಟ್ಟಲೆ ಎಂಜಿನ್ ಉರಿದರೂ ಮೀಟರಿನಲ್ಲಿ ನಾಲ್ಕು ಕಿಲೋಮೀಟರ್ ಏರಿರುವುದಿಲ್ಲ. ಬರೀ ಕಿಲೋಮೀಟರ್ ಎಣಿಸಿ ಎಣ್ಣೆಯ ವಯಸ್ಸು ಹೇಳಲಾಗದು ಎಂಬುದನ್ನು 1980ರ ದಶಕದಲ್ಲೇ ಜನರಲ್ ಮೋಟರ್ಸ್‌ನ ಸಂಶೋಧಕರು, ಅವರಲ್ಲಿ ಮುಖ್ಯವಾಗಿ ಶರ್ಲಿ ಶ್ವಾರ್ಟ್ಜ್ ಎಂಬ ರಸಾಯನ ವಿಜ್ಞಾನಿ, ತೋರಿಸಿಕೊಟ್ಟರು. ಎಂಜಿನ್ ಸುತ್ತಿದ ಲೆಕ್ಕ, ಎಣ್ಣೆಯ ಉಷ್ಣತೆಯ ಲೆಕ್ಕ ಎರಡನ್ನೂ ಹಿಡಿದು ಆಯಸ್ಸು ಹೇಳುವ ವಿಧಾನ ಅವರದು.

ಈಗ ಕಳುವಾದ ಡಿಪ್‌ಸ್ಟಿಕ್ಕಿಗೆ ಬರೋಣ. ಭಾವಮೈದನ ಕಾರಿನಲ್ಲಿ ಅದರ ಬದಲು ಎಣ್ಣೆಯ ತೊಟ್ಟಿಯ ತಳದಲ್ಲಿ ಒಂದು ಸೆನ್ಸರ್ ಕೂತಿದೆ: ಒಂದರ ಮೇಲೊಂದು ಎರಡು ಕೆಪಾಸಿಟರ್‌ಗಳು. ಕೆಪಾಸಿಟರ್ ಎಂದರೆ ಇಲ್ಲಿ ಒಂದರೊಳಗೊಂದು ತೂರಿಸಿದ ಲೋಹದ ಕೊಳವೆಗಳು, ನಡುವೆ ಎಣ್ಣೆ. ಮೇಲಿನದು ಎಷ್ಟು ಮುಳುಗಿದೆ ಎಂಬುದರಿಂದ ಮಟ್ಟ ತಿಳಿಯುತ್ತದೆ. ಸೊಗಸಿರುವುದು ಸದಾ ಮುಳುಗಿರುವ ಕೆಳಗಿನದರಲ್ಲಿ. ಅದು ಎಣ್ಣೆಯ ರುಚಿ ನೋಡುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣದ ಅಂಕಿ ಎಣ್ಣೆಗೆ 2ಕ್ಕಿಂತ ತುಸು ಹೆಚ್ಚು, ನೀರಿಗೆ 80ರ ಹತ್ತಿರ. ನೀರೋ ಆಮ್ಲವೋ ಒಂದಿಷ್ಟು ಸೇರಿದರೂ ಅಂಕಿ ಜರುಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಬಣ್ಣ ಅದರ ಲೆಕ್ಕಕ್ಕೇ ಇಲ್ಲ. ಇತ್ತೀಚಿನ ಮಾದರಿಗಳಲ್ಲಿ ಇನ್ನೊಂದು ಬಗೆ: ತಳದಿಂದ ಶ್ರವಣಾತೀತ ಶಬ್ದ ಬಿಟ್ಟು, ಮೇಲ್ಮೈಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಬಾವಲಿಯ ಹಾಗೆ ಆಳ ಅಳೆಯುವುದು. ಎಲ್ಲ ಸೈ, ಆದರೂ ಆ ಕಡ್ಡಿಯನ್ನು ತೆಗೆಯಬಾರದಿತ್ತು ಎಂದೇ ನನ್ನ ತಕರಾರು. ಬ್ಯಾಟರಿ ಸತ್ತ ದಿನವೂ ಅದು ನಿಜ ಹೇಳುತ್ತಿತ್ತು. ಹೊಸ ಎಣ್ಣೆ ಸುರಿದ ಮೇಲೆ ಪರದೆ ಏನೂ ಹೇಳದೆ ಸತಾಯಿಸಿದಾಗ ಭಾವಮೈದನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಎಂಜಿನ್ ಬಿಸಿಯೇರುವ ತನಕ ಅದು ಬಾಯಿ ಬಿಡುವುದಿಲ್ಲ. ರಿಂಗ್ ರೋಡಿನಲ್ಲಿ ಸುತ್ತಾಡಿ ಬಂದ ಮೇಲೆ ಮಟ್ಟ ಸರಿಯಿದೆ ಎಂದಿತು.

‘ನಮ್ಮ ಬಿಸಿಲಿಗೆ ದಪ್ಪ ಎಣ್ಣೆ ಹಾಕಿ’ ಎಂಬ ಸಲಹೆಯೂ ನಿಮಗೆ ಬರುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ಬಳ್ಳಾರಿಯಾದರೇನು ಬರ್ಲಿನ್ ಆದರೇನು, ಥರ್ಮೋಸ್ಟಾಟ್ ಇರುವ ಎಂಜಿನ್ ಓಡುವಾಗ ಒಳಗಿನ ಬಿಸಿ ಹೆಚ್ಚುಕಡಿಮೆ ಒಂದೇ. 5ಡಬ್ಲ್ಯು-30ರಲ್ಲಿರುವ ಡಬ್ಲ್ಯು ಚಳಿಗಾಲಕ್ಕೆ ಸಂಬಂಧಿಸಿದ್ದು, ತೂಕಕ್ಕಲ್ಲ. ಆ ಅಂಕಿಗಿಂತ ಮುಖ್ಯವಾದದ್ದು ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿರುವ ಕಾರು ತಯಾರಕರ ಅನುಮೋದನೆ. ನಿಮ್ಮ ಕೈಪಿಡಿಯಲ್ಲಿ ಇರುವುದೇ ಅಲ್ಲಿಯೂ ಇರಬೇಕು.

ಕೆಲಸ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಹಿರಿಯರು ಡಬ್ಬ ಹಿಡಿದು ಬಂದರು. ತೋಟದ ಬೇಲಿಕಂಬಕ್ಕೆ ಗೆದ್ದಲು, ‘ಕರಿ ಎಣ್ಣೆ ಸ್ವಲ್ಪ ಕೊಡಪ್ಪ’. ಊರೂರಲ್ಲೂ ಇರುವ ರೂಢಿ. ಹಳೆಯ ಎಣ್ಣೆಯಲ್ಲಿ ಎಂಜಿನ್ನಿನ ಲೋಹವಿದೆ, ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳಿವೆ, ಮಳೆ ಬಂದರೆ ಎಲ್ಲ ಬಾವಿಗೆ ಇಳಿಯುತ್ತದೆ, 2016ರ ನಿಯಮಗಳಲ್ಲಿ ಇದು ಅಪಾಯಕಾರಿ ತ್ಯಾಜ್ಯ ಎಂದೆಲ್ಲ ವಿವರಿಸಿದೆ. ಅವರು ಬಾಂಡ್ಲಿಯನ್ನು ನೋಡಿದರು, ನನ್ನನ್ನು ನೋಡಿದರು. ‘ಇಷ್ಟೊತ್ತು ಕಪ್ಪಾದರೇನೂ ಕೆಟ್ಟಿಲ್ಲ ಅಂತ ಅವನಿಗೆ ಹೇಳ್ತಿದ್ದೆ’ ಅಂದರು. ಆರೂವರೆ ಲೀಟರನ್ನೂ ಕ್ಯಾನಿಗೆ ತುಂಬಿ, ಮರುಬಳಕೆಯವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ ಬಂದೆವು. ಬೇಲಿಕಂಬಕ್ಕೆ ಬೇವಿನೆಣ್ಣೆ ತಂದುಕೊಡುವುದು ಇನ್ನೂ ಬಾಕಿ ಇದೆ.